ಮಳೆಗಾಲಕ್ಕೊಂದು ಬಾಲ್, ಬೇಸಿಗೆಗೊಂದು

"ಇದು ಎಷ್ಟು ದೂರ ಹೋಗ್ತದೆ?" ಹೊಸ ಡಬ್ಬಿ ಒಡೆದಾಗಲೆಲ್ಲ ನನ್ನ ಭಾವ ಕೇಳುವ ಪ್ರಶ್ನೆ ಇದೊಂದೇ. ಮಂಗಳೂರಿನ ಪಿಲಿಕುಳದ ಗಾಲ್ಫ್ ಮೈದಾನದಲ್ಲಿ ನಾವಿಬ್ಬರೂ ಭಾನುವಾರದ ಜೋಡಿ. ನಾನು ಹೇಳುವುದೂ ಒಂದೇ: "ಭಾವ, ದೂರ ಬಿಡಿ. ಎಲ್ಲಿ ನಿಲ್ತದೆ ಅಂತ ಕೇಳಿ."

ದೂರಕ್ಕೆ ನಿಯಮವೇ ಬೇಲಿ ಹಾಕಿಟ್ಟಿದೆ. ಬಾಲ್ 45.93 ಗ್ರಾಂಗಿಂತ ಭಾರ ಇರಬಾರದು, ವ್ಯಾಸ 42.67 ಮಿಲಿಮೀಟರಿಗಿಂತ ಕಡಿಮೆ ಇರಬಾರದು, ಯಂತ್ರದಿಂದ ಹೊಡೆಸಿ ನೋಡಿದಾಗ ಇಂತಿಷ್ಟು ದೂರ ದಾಟಬಾರದು. ದೊಡ್ಡ ಕಂಪನಿಗಳ ಮೇಲ್ದರ್ಜೆಯ ಬಾಲ್‌ಗಳೆಲ್ಲ ಆ ಬೇಲಿಯ ಹತ್ತಿರವೇ ನಿಂತಿವೆ. ನಮ್ಮಂಥವರ ಡ್ರೈವರ್‌ನಲ್ಲಿ, ಅಂದರೆ ಅತಿ ದೂರ ಹೊಡೆಯುವ ಕೋಲಿನಲ್ಲಿ, ಒಂದಕ್ಕೂ ಇನ್ನೊಂದಕ್ಕೂ ಹತ್ತು ಗಜದ ಒಳಗಿನ ವ್ಯತ್ಯಾಸ. ಬ್ಲೇಡಿನ, ಅಂದರೆ ಕೋಲಿನ ಮುಖದ, ನಡುವಿಗೆ ಸಿಗದೆ ತುದಿಗೆ ತಾಗಿದರೆ ಅದರ ಎರಡರಷ್ಟು ದೂರ ಕಳೆದುಹೋಗುತ್ತದೆ. ಹಾಗಾಗಿ ನಾನು ಬಾಲ್ ಆರಿಸುವುದು ವೆಜ್ (ಹತ್ತಿರದ ಹೊಡೆತಕ್ಕೆ ಬಳಸುವ, ಓರೆ ಮುಖದ ಕೋಲು) ಹಿಡಿದುಕೊಂಡು, ಗ್ರೀನಿನ (ಕುಳಿಯ ಸುತ್ತಲಿನ ನುಣ್ಣನೆ ಹುಲ್ಲಿನ ಜಾಗ) ಪಕ್ಕ ನಿಂತು. ಡ್ರೈವರ್‌ನ ಸರದಿ ಕೊನೆಗೆ.

ನನ್ನ ಆಟದ ಮಟ್ಟ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದೆ ಬರೆಯುವುದಕ್ಕೆ ಅರ್ಥವಿಲ್ಲ. ಹ್ಯಾಂಡಿಕ್ಯಾಪ್, ಅಂದರೆ ಮೈದಾನದ ಲೆಕ್ಕಕ್ಕಿಂತ ಎಷ್ಟು ಹೊಡೆತ ಹೆಚ್ಚು ಬೇಕೆಂಬ ಅಳತೆ, ಇಪ್ಪತ್ತರ ಆಚೀಚೆ. ಬೆಂಗಳೂರಿನಲ್ಲಿ ಒಂದು ಸಿಮ್ಯುಲೇಟರ್‌ನಲ್ಲಿ ಅಳೆಸಿದಾಗ ಡ್ರೈವರ್ ವೇಗ ಗಂಟೆಗೆ 85 ಮೈಲಿ ಬಂತು. ಅಮೆರಿಕದ ಪಿಜಿಎ ಟೂರ್‌ನ ವೃತ್ತಿಪರರ ಸರಾಸರಿ 115ರ ಸುತ್ತ. ಅಲ್ಲಿಗೆ ನಮ್ಮ ಕಥೆ ಗೊತ್ತಾಯಿತಲ್ಲ. ಅಳೆಸುವ ಅನುಕೂಲ ಇಲ್ಲದವರಿಗೆ ಒಂದು ಅಂದಾಜು: ಚೆನ್ನಾಗಿ ತಾಗಿದ ಡ್ರೈವ್ ನೆಲ ಮುಟ್ಟುವ ಮೊದಲು ಗಾಳಿಯಲ್ಲೇ 200 ಗಜ ಹೋದರೆ ನಿಮ್ಮ ವೇಗ 90 ಮೈಲಿಯ ಹತ್ತಿರ ಉಂಟು. ಉರುಳಿದ್ದನ್ನು ಸೇರಿಸಬೇಡಿ. ಏಪ್ರಿಲ್‌ನಲ್ಲಿ ನಮ್ಮ ಗಟ್ಟಿ ನೆಲದ ಮೇಲೆ ಯಾರು ಹೊಡೆದರೂ ಉರುಳುತ್ತದೆ.

ಗೀರು ಬಿದ್ದು ಕೆಲಸಕ್ಕೆ ಬಾರದ ಬಾಲ್‌ಗಳನ್ನು ವೈಸಿಗೆ ಸಿಕ್ಕಿಸಿ ಹೆಕ್ಸಾ ಬ್ಲೇಡಿನಲ್ಲಿ ಕೊಯ್ದು ನೋಡುವ ಅಭ್ಯಾಸ ನನಗುಂಟು. ಡಬ್ಬಿಯ ಮೇಲೆ ಬರೆದದ್ದಕ್ಕಿಂತ ಹೆಚ್ಚು ಅಲ್ಲಿ ಕಾಣುತ್ತದೆ. ಎರಡು ಪದರದ ಬಾಲ್‌ನಲ್ಲಿ ಒಳಗೆ ಬಣ್ಣದ ಒಂದೇ ರಬ್ಬರ್ ಉಂಡೆ, ಹೊರಗೆ ದಪ್ಪ ಸಿಪ್ಪೆ. ಆ ಸಿಪ್ಪೆ ಅಯಾನೋಮರ್ ಎಂಬ ಗಟ್ಟಿ ಪ್ಲಾಸ್ಟಿಕ್. ಅದನ್ನು ದಾಟುವಷ್ಟರಲ್ಲಿ ಬ್ಲೇಡ್ ಬಿಸಿಯಾಗಿ ಅಂಟತೊಡಗುತ್ತದೆ. ಮೂರು ಪದರದ ಯುರೆಥೇನ್ ಬಾಲ್ ಕೊಯ್ದರೆ ಬೇರೆಯೇ ನೋಟ: ಉಂಡೆ, ಅದರ ಮೇಲೆ ಗಟ್ಟಿಯಾದ ಒಂದು ತೆಳು ಉಂಗುರ, ಅದರ ಮೇಲೆ ಒಂದು ಮಿಲಿಮೀಟರೂ ಇಲ್ಲದ ಮೆತ್ತನೆ ಯುರೆಥೇನ್ ಹೊದಿಕೆ. ಉಗುರಿನಿಂದ ಒತ್ತಿದರೆ ಅದರಲ್ಲಿ ಗುರುತು ಮೂಡುತ್ತದೆ. ಬೆಲೆಯ ವ್ಯತ್ಯಾಸವೆಲ್ಲ ಹೆಚ್ಚಿನ ಮಟ್ಟಿಗೆ ಈ ತೆಳು ಹೊದಿಕೆಯದ್ದೇ. ಮನೆಯಲ್ಲಿ ಅಜ್ಜನ ಕಾಲದ ಬಾಲ್ ಇದ್ದರೆ ಮಾತ್ರ ಕೊಯ್ಯುವುದು ಬೇಡ. ಹಳೆಯವುಗಳಲ್ಲಿ ಕೆಲವಕ್ಕೆ ನಡುವೆ ದ್ರವ ತುಂಬಿ, ಸುತ್ತ ರಬ್ಬರ್ ದಾರವನ್ನು ಎಳೆದು ಸುತ್ತಿರುತ್ತಿದ್ದರು, ಒಡೆದರೆ ಕಣ್ಣಿಗೆ ಚಿಮ್ಮಬಹುದು. 1898ರಲ್ಲಿ ಅಮೆರಿಕದ ಕೊಬರ್ನ್ ಹ್ಯಾಸ್ಕೆಲ್ ಶುರು ಮಾಡಿದ ಆ ದಾರ ಸುತ್ತುವ ವಿದ್ಯೆ ನೂರು ವರ್ಷ ಬಾಳಿತು. 2000ದಲ್ಲಿ ಟೈಟ್ಲಿಸ್ಟ್ ಕಂಪನಿಯ, ದಾರವಿಲ್ಲದ ಪ್ರೊ ವಿ1 ಬಾಲ್ ಬಂದ ಮೇಲೆ ಕೆಲವೇ ವರ್ಷಗಳಲ್ಲಿ ವೃತ್ತಿಪರರ ಬ್ಯಾಗಿನಿಂದ ಅದು ಮಾಯವಾಯಿತು.

ಆ ಮೆತ್ತನೆ ಹೊದಿಕೆ ಮಾಡುವ ಕೆಲಸ ಇಷ್ಟು: ವೆಜ್‌ನ ಮುಖದ ಮೇಲಿನ ಗೀರುಗಳು ಅದನ್ನು ಕಚ್ಚಿ ಹಿಡಿಯುತ್ತವೆ, ಬಾಲ್‌ಗೆ ಹಿಂದಕ್ಕೆ ತಿರುಗುವ ಸ್ಪಿನ್ ಬರುತ್ತದೆ, ಗ್ರೀನಿನ ಮೇಲೆ ಒಂದೆರಡು ಪುಟ ಹಾಕಿ ನಿಲ್ಲುತ್ತದೆ. ಗಟ್ಟಿ ಸಿಪ್ಪೆಯದ್ದು ಗೀರುಗಳ ಮೇಲೆ ಜಾರಿ ಸ್ವಲ್ಪ ಎತ್ತರಕ್ಕೆ ಹಾರುತ್ತದೆ, ಬಿದ್ದ ಮೇಲೆ ಓಡುತ್ತದೆ.

ಇದನ್ನು ನಾನು ನೋಡಿಕೊಂಡದ್ದು ಹೀಗೆ. ಒಂದೇ ಕಂಪನಿಯ ಎರಡು ಬಗೆ ತೆಗೆದುಕೊಂಡೆ: ಶ್ರಿಕ್ಸನ್‌ನ ಸಾಫ್ಟ್ ಫೀಲ್ (ಎರಡು ಪದರ, ಅಯಾನೋಮರ್) ಮತ್ತು ಕ್ಯೂ ಸ್ಟಾರ್ ಟೂರ್ (ಮೂರು ಪದರ, ಯುರೆಥೇನ್). ಎರಡೂ ಬಿಳಿ. ಗ್ರೀನಿನಿಂದ ನಲವತ್ತು ಗಜ ಹಿಂದೆ, 56 ಡಿಗ್ರಿ ವೆಜ್, ಅರ್ಧ ಸ್ವಿಂಗ್. ನನಗೆ ಯಾವುದು ಯಾವುದೆಂದು ಗೊತ್ತಾಗಬಾರದೆಂದು ಬಾಲ್ ಇಡುವ ಕೆಲಸವನ್ನು ಭಾವನಿಗೆ ಬಿಟ್ಟೆ, ಹೆಸರಿನ ಭಾಗ ನೆಲಕ್ಕೆ ಬರುವ ಹಾಗೆ. ಪ್ರತಿ ಹೊಡೆತದ ನಂತರ ಬ್ಲೇಡ್ ಒರೆಸಿದೆ. ಗೀರಿನಲ್ಲಿ ಮಣ್ಣು ಕೂತರೆ ಪರೀಕ್ಷೆಯೇ ಸುಳ್ಳು. ನೋಡಬೇಕಾದ್ದು ಬಾಲ್ ಬಿದ್ದ ಜಾಗಕ್ಕೂ ನಿಂತ ಜಾಗಕ್ಕೂ ನಡುವಿನ ಅಂತರ. ಕೆಟ್ಟ ಹೊಡೆತಗಳನ್ನು ಲೆಕ್ಕದಿಂದ ತೆಗೆದರೂ ಸಾಫ್ಟ್ ಫೀಲ್ ಯಾವಾಗಲೂ ಮೂರು ನಾಲ್ಕು ಹೆಜ್ಜೆ ಹೆಚ್ಚು ಓಡಿತು. ಮೂರು ನಾಲ್ಕು ಹೆಜ್ಜೆ ಅಂದರೆ ಒಂದು ಪಟ್‌ನಲ್ಲಿ (ಕುಳಿಗೆ ಉರುಳಿಸುವ ಹೊಡೆತ) ಮುಗಿಯುವುದಕ್ಕೂ ಎರಡು ಬೇಕಾಗುವುದಕ್ಕೂ ಇರುವ ವ್ಯತ್ಯಾಸ. ಇಂಥ ಪರೀಕ್ಷೆಗೆ ಪ್ರಾಕ್ಟೀಸ್ ರೇಂಜಿನ ಬಾಲ್ ಹೊಡೆದು ಪ್ರಯೋಜನ ಇಲ್ಲ. ಅವು ಬಾಳಿಕೆಗಾಗಿ ಮಾಡಿದ ಗಟ್ಟಿ ಬಾಲ್‌ಗಳು, ಹಾರಾಟವೇ ಬೇರೆ.

ಆಮೇಲೆ 130 ಗಜದಿಂದ ಐರನ್‌ನಲ್ಲಿ (ನಡುವಿನ ದೂರಕ್ಕೆ ಬಳಸುವ ಕೋಲು) ಹೊಡೆದು ಎತ್ತರ ನೋಡಿದೆ. ಸ್ವಿಂಗ್ ನಿಧಾನ ಇರುವವರಿಗೆ ಇದು ಮುಖ್ಯ. ನಮಗೆ ಬಾಲ್ ನಿಲ್ಲಿಸಲು ಸ್ಪಿನ್ ಸಾಲುವುದಿಲ್ಲ, ಮೇಲಿಂದ ಕೆಳಗೆ ಕಡಿದಾಗಿ ಬೀಳಬೇಕು. ಅದೇ ಬೆಲೆಯಲ್ಲಿ ಎತ್ತರಕ್ಕೆ ಹಾರುವ ಬಾಲ್ ಒಂದು, ತಗ್ಗಿ ಹಾರುವ ಬಾಲ್ ಇನ್ನೊಂದು ಇದ್ದರೆ ನಾನು ಕಣ್ಣು ಮುಚ್ಚಿ ಮೊದಲನೆಯದನ್ನು ತೆಗೆದುಕೊಳ್ಳುತ್ತೇನೆ.

ಕಂಪ್ರೆಶನ್, ಅಂದರೆ ಬಾಲ್ ಎಷ್ಟು ಗಟ್ಟಿ ಎಂಬ ಅಳತೆ, ಅದರ ಬಗ್ಗೆ ಒಂದು ಮಾತು, ಯಾಕೆಂದರೆ ಅಂಗಡಿಯಲ್ಲಿ ಎಲ್ಲರೂ ಹೇಳುವುದು ಇದನ್ನೇ: "ನಿಮ್ಮದು ನಿಧಾನ ಸ್ವಿಂಗ್, ಮೆತ್ತಗಿನ ಬಾಲ್ ತಗೊಳ್ಳಿ, ಗಟ್ಟಿಯದ್ದನ್ನು ನಿಮಗೆ ಅದುಮಲಿಕ್ಕೆ ಆಗುವುದಿಲ್ಲ." ಕೇಳಲಿಕ್ಕೆ ಸರಿ ಅನಿಸುತ್ತದೆ. ಆದರೆ ಬಾಲ್ ಬ್ಲೇಡಿಗೆ ಅಂಟಿಕೊಂಡಿರುವುದು ಸೆಕೆಂಡಿನ ಎರಡು ಸಾವಿರದಲ್ಲೊಂದು ಪಾಲು, ಆ ಹೊತ್ತಿನಲ್ಲಿ ಯಾರು ಹೊಡೆದರೂ ಅದು ಅದುಮಿಹೋಗುತ್ತದೆ. ಕ್ಯಾಲವೇ ಸೂಪರ್‌ಸಾಫ್ಟ್‌ನಂಥ ತುಂಬ ಮೆತ್ತಗಿನದ್ದರ ಕಂಪ್ರೆಶನ್ ನಲವತ್ತರ ಆಸುಪಾಸು, ಪ್ರೊ ವಿ1 ಎಕ್ಸ್‌ನದ್ದು ನೂರರ ಹತ್ತಿರ. ಜೋರಾಗಿ ಹೊಡೆಯುವವರಿಗೆ ಗಟ್ಟಿಯದ್ದು ಸ್ವಲ್ಪ ವೇಗ ಕೊಡುತ್ತದೆ, ನಮ್ಮ ವೇಗದಲ್ಲಿ ಅದು ಇದ್ದೂ ಇಲ್ಲದ ಹಾಗೆ. ಮೆತ್ತಗಿನದ್ದರಿಂದ ನಮಗೆ ಹೆಚ್ಚುವರಿ ದೂರವಂತೂ ಸಿಗುವುದಿಲ್ಲ. ಹಾಗಾಗಿ ಕೈಗೆ ಹಿತ ಅನಿಸಿದ್ದನ್ನು ತೆಗೆದುಕೊಂಡರೆ ಆಯಿತು. ಪಟ್ಟರ್‌ನಲ್ಲಿ ಹೊಡೆದಾಗಿನ ಶಬ್ದ ನನಗೆ ಮುಖ್ಯ, ಆ ಶಬ್ದದಿಂದಲೇ ನಾನು ದೂರ ಅಂದಾಜು ಮಾಡುವುದು. ತೀರಾ ಮೆತ್ತಗಿನದ್ದು ಮಾತೇ ಆಡುವುದಿಲ್ಲ. ಭಾವನಿಗೆ ಅದೇ ಇಷ್ಟ.

ಬಲಕ್ಕೆ ಸೊಟ್ಟಗೆ ಹೋಗುವ ಸ್ಲೈಸ್ ಇದ್ದವರಿಗೆ ಕಡಿಮೆ ಸ್ಪಿನ್‌ನ ಎರಡು ಪದರದ ಬಾಲ್ ಸಹಾಯ ಮಾಡುತ್ತದೆ, ಬಾಗುವುದು ಸ್ವಲ್ಪ ಕಡಿಮೆಯಾಗುತ್ತದೆ. ಜ್ವರಕ್ಕೆ ಹಣೆಗೆ ಒದ್ದೆ ಬಟ್ಟೆ ಹಾಕಿದ ಹಾಗೆ. ಮದ್ದು ಸ್ವಿಂಗ್‌ನಲ್ಲೇ ಉಂಟು.

ಇಲ್ಲಿಯವರೆಗಿನದ್ದು ಯಾವ ಊರಿಗೂ ಸರಿ. ನಮ್ಮ ಊರಿನ ಲೆಕ್ಕಕ್ಕೆ ಇನ್ನೆರಡು ಕೂಡಿಸಬೇಕು: ಮಳೆ ಮತ್ತು ಮುರಕಲ್ಲು, ಅಂದರೆ ಕರಾವಳಿಯ ಕೆಂಪು ಒರಟು ಕಲ್ಲು.

ಮಂಗಳೂರಿಗೆ ವರ್ಷಕ್ಕೆ ಬೀಳುವ ಮಳೆ 3,500 ಮಿಲಿಮೀಟರಿಗೂ ಮೇಲೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಪತ್ತನಾಜೆ (ಮೇ ಕೊನೆಗೆ ಬರುವ ತುಳುವರ ದಿನ) ಕಳೆದು ಮಳೆ ಹಿಡಿಯಿತೆಂದರೆ ಆಟದ ಸ್ವರೂಪವೇ ಬೇರೆ. ಬಾಲ್ ಬಿದ್ದಲ್ಲೇ ಹೂತುಹೋಗುತ್ತದೆ, ಉರುಳುವುದೆಂಬುದೇ ಇಲ್ಲ. ಹುಲ್ಲಿನ ನೀರು ಬ್ಲೇಡಿಗೂ ಬಾಲ್‌ಗೂ ನಡುವೆ ಬಂದು ಕೂರುತ್ತದೆ, ಯುರೆಥೇನ್‌ನ ಹಿಡಿತ ಅಲ್ಲಿಗೆ ಬಹುಪಾಲು ಮುಗಿಯಿತು. ಅದರ ಅಗತ್ಯವೂ ಆಗ ಕಡಿಮೆ, ಒದ್ದೆ ಗ್ರೀನ್ ತಾನೇ ಬಾಲನ್ನು ನಿಲ್ಲಿಸುತ್ತದೆ. ಮಳೆಗಾಲದ ಹುಲ್ಲೋ, ಇವತ್ತು ಕತ್ತರಿಸಿದರೆ ನಾಳಿದ್ದಿಗೆ ಪಾದ ಮುಚ್ಚುತ್ತದೆ. ಬಾಲ್ ಹುಡುಕಲು ನಿಯಮ ಕೊಡುವ ಹೊತ್ತು 2019ರಿಂದ ಮೂರೇ ನಿಮಿಷ, ಮೊದಲು ಐದಿತ್ತು. ಆಟಿ ತಿಂಗಳ (ಜುಲೈ-ಆಗಸ್ಟ್) ಕಪ್ಪು ಮೋಡದ ಕೆಳಗೆ ಬಿಳಿ ಬಾಲ್ ಹುಡುಕಲು ಮೂರು ನಿಮಿಷ ಎಲ್ಲಿಗೂ ಸಾಲದು. ಹಾಗಾಗಿ ಜೂನ್‌ನಿಂದ ನನ್ನ ಬ್ಯಾಗಿನಲ್ಲಿ ಹಳದಿ ಬಣ್ಣದ, ಎರಡು ಪದರದ, ಕಳೆದುಹೋದರೆ ಹೊಟ್ಟೆ ಉರಿಯದ ಬೆಲೆಯ ಬಾಲ್ ಮಾತ್ರ. ಅಂದ ಹಾಗೆ, ಫೇರ್‌ವೇಯ ಗಿಡ್ಡ ಹುಲ್ಲಿನಲ್ಲಾಗಲಿ ರಫ್‌ನ ಉದ್ದ ಹುಲ್ಲಿನಲ್ಲಾಗಲಿ ಬಾಲ್ ತಾನೇ ಬಿದ್ದು ಮಾಡಿದ ಗುಂಡಿಯಲ್ಲಿ ಹೂತಿದ್ದರೆ ದಂಡವಿಲ್ಲದೆ ತೆಗೆದು, ಒರೆಸಿ, ಡ್ರಾಪ್ ಮಾಡಬಹುದು. ನಮ್ಮಲ್ಲಿ ಇದು ಗೊತ್ತಿಲ್ಲದೆ ಕೆಸರಿನಲ್ಲೇ ಬಡಿಯುವವರು ಇದ್ದಾರೆ ಮಾರಾಯ್ರೇ.

ದೀಪಾವಳಿ ಕಳೆದು ನೆಲ ಒಣಗಿದ ಮೇಲೆ ಲೆಕ್ಕ ತಿರುಗುತ್ತದೆ. ಮುರಕಲ್ಲಿನ ಗುಡ್ಡದ ಮೇಲಿನ ಮಣ್ಣು ಗಟ್ಟಿಯಾಗುತ್ತದೆ, ಮುಳಿಹುಲ್ಲು ಒಣಗುತ್ತದೆ, ಗ್ರೀನಿಗೆ ಬಿದ್ದ ಬಾಲ್ ಆಚೆ ಬದಿಗೆ ಇಳಿದು ಹೋಗುತ್ತದೆ. ಈಗ ಆ ಮೂರು ನಾಲ್ಕು ಹೆಜ್ಜೆಗೆ ಬೆಲೆ ಬರುತ್ತದೆ. ನವೆಂಬರ್‌ನಿಂದ ಮೇ ತನಕ ನಾನು ಯುರೆಥೇನ್‌ಗೆ ಹೋಗುತ್ತೇನೆ. ಪ್ರೊ ವಿ1 ಅಲ್ಲ. ಅದರ ಡಜನ್‌ಗೆ ಸಾಮಾನ್ಯ ಎರಡು ಪದರದ ಬಾಲ್‌ನ ಎರಡು ಪಟ್ಟಿಗೂ ಮೇಲೆ ಕೊಡಬೇಕು. ನಡುವಿನ ಬೆಲೆಗೆ ಸಿಗುವ ಕ್ಯೂ ಸ್ಟಾರ್ ಟೂರ್, ಟೇಲರ್‌ಮೇಡ್ ಟೂರ್ ರೆಸ್ಪಾನ್ಸ್ ನನ್ನ ಕೈಗೆ ಸಾಕು. ಮುರಕಲ್ಲಿಗೆ ಒಮ್ಮೆ ಉಜ್ಜಿದರೆ ಆ ಮೆತ್ತನೆ ಹೊದಿಕೆ ತರಿತರಿಯಾಗುತ್ತದೆ. ಬೆರಳಾಡಿಸಿದಾಗ ತರಿ ಕೈಗೆ ಸಿಕ್ಕಿತೋ, ಮುಂದಿನ ಹೋಲ್‌ಗೆ ಬೇರೆ ಬಾಲ್. ಒಂದು ಹೋಲ್ ಮುಗಿದು ಇನ್ನೊಂದು ಶುರುವಾಗುವ ಮೊದಲು ಬಾಲ್ ಬದಲಿಸಲು ನಿಯಮದ ಅಡ್ಡಿ ಇಲ್ಲ. ಇಡೀ ಸುತ್ತಿಗೆ ಒಂದೇ ಮಾದರಿ ಬಳಸಬೇಕೆಂಬ ಕಟ್ಟಳೆ ದೊಡ್ಡ ಟೂರ್ನಿಗಳಲ್ಲಿ ಮಾತ್ರ.

ಬೆಂಗಳೂರಿನಿಂದ ಬರುವ ಗೆಳೆಯರು ಇಲ್ಲಿ ಆಡಿದಾಗ "ನಿಮ್ಮ ಊರಿನ ಸೆಕೆಗೆ ಗಾಳಿ ಭಾರ, ಬಾಲ್ ಹೋಗುವುದೇ ಇಲ್ಲ" ಎನ್ನುತ್ತಾರೆ. ಬಾಲ್ ಹೋಗದಿರುವುದು ನಿಜ, ಕಾರಣ ಅದಲ್ಲ. ನೀರಾವಿ ಒಣಗಾಳಿಗಿಂತ ಹಗುರ. ತೇವದ ಗಾಳಿಯಲ್ಲಿ ಬಾಲ್ ಕೂದಲೆಳೆಯಷ್ಟು ಹೆಚ್ಚೇ ಹೋಗಬೇಕು. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್ ಎತ್ತರದಲ್ಲಿದೆ, ಅಲ್ಲಿ ಗಾಳಿ ತೆಳು, 200 ಗಜದ ಹೊಡೆತಕ್ಕೆ ಆರೇಳು ಗಜ ಪುಕ್ಕಟೆ. ಘಟ್ಟ ಇಳಿದ ಮೇಲೆ ಆ ಪುಕ್ಕಟೆ ನಿಲ್ಲುತ್ತದೆ. ಇದನ್ನು ಬಾಲ್‌ನ ತಪ್ಪೆಂದುಕೊಂಡು ಬ್ರ್ಯಾಂಡ್ ಬದಲಿಸಬೇಡಿ, ಒಂದು ನಂಬರ್ ಕಡಿಮೆಯ ಐರನ್ ತೆಗೆಯಿರಿ, ನಂಬರ್ ಇಳಿದಷ್ಟೂ ದೂರ ಹೆಚ್ಚು.

ಬಾಲ್ ಸಮತೂಕ ಇದೆಯೇ ಎಂದು ಉಪ್ಪುನೀರಿನಲ್ಲಿ ತೇಲಿಸಿ ನೋಡುವವರೂ ಇದ್ದಾರೆ. ನಾನೂ ಮಾಡಿದ್ದೇನೆ. ಪಣಂಬೂರಿನ ಸಮುದ್ರದ ನೀರು ತಂದರೆ ಆಗುವುದಿಲ್ಲ, ಬಾಲ್ ನೇರ ತಳಕ್ಕೆ. ಬಕೆಟಿಗೆ ಧಾರಾಳವಾಗಿ ಉಪ್ಪು ಸುರಿಯಬೇಕು. ಈಗಿನ ಒಳ್ಳೆಯ ಬಾಲ್‌ಗಳಲ್ಲಿ ಕಾಣುವಂಥ ವ್ಯತ್ಯಾಸವೇನೂ ಸಿಗಲಿಲ್ಲ. ಮಳೆಯ ದಿನ ಮನೆಯಲ್ಲಿ ಕೂತು ಬೇಸರ ಬಂದವರಿಗೆ ಅಡ್ಡಿಯಿಲ್ಲ.

ಕೆರೆಯಿಂದ ಎತ್ತಿ, ತೊಳೆದು ಮಾರುವ ಹಳೆಯ ಬಾಲ್ ಕೊಳ್ಳಬಹುದು, ಒಂದು ಷರತ್ತಿನ ಮೇಲೆ: ಬರೀ ತೊಳೆದದ್ದಾಗಿರಬೇಕು. ಮೇಲೆ ಹೊಸ ಬಣ್ಣ ಬಳಿದು, ಹೆಸರು ಅಚ್ಚು ಹಾಕಿದ್ದು ಬೇಡ. ಬಣ್ಣದ ಕೆಳಗೆ ಯಾವ ಬಾಲ್ ಉಂಟೆಂದು ಹೇಳಲಾಗದು, ಬಣ್ಣ ಮೇಲ್ಮೈಯ ಸಣ್ಣ ತಗ್ಗುಗಳಲ್ಲಿ (ಡಿಂಪಲ್) ತುಂಬಿಕೊಂಡರೆ ಹಾರಾಟವೂ ಕೆಡುತ್ತದೆ.

ಉಡುಪಿಯಲ್ಲಿರುವ ತಂಗಿಯ ಮಗಳು ಈಗ ಆಟ ಕಲಿಯುತ್ತಿದ್ದಾಳೆ. "ಮಾವ, ನಾನು ಎಂತದು ತಗೊಳ್ಳಲಿ?" ಎಂದು ಫೋನ್ ಮಾಡಿದ್ದಳು. ಎರಡು ಪದರದ್ದು, ಕಡಿಮೆ ಬೆಲೆಯದ್ದು, ಡೆಕಥ್ಲಾನ್‌ನ ಇನೆಸಿಸ್ ಆದರೂ ಸರಿ, ಆದರೆ ಡಜನ್ ಪೂರ್ತಿ ಒಂದೇ ಮಾದರಿ ಇರಲಿ ಎಂದೆ. ಹತ್ತು ಬಗೆಯ ಬಾಲ್ ಹೊಡೆದರೆ ಚಿಪ್ (ಗ್ರೀನಿನ ಪಕ್ಕದ ಸಣ್ಣ ಹೊಡೆತ) ಯಾಕೆ ಒಮ್ಮೆ ಓಡಿತು, ಒಮ್ಮೆ ನಿಂತಿತು ಎಂದು ಕಲಿಯುವವರಿಗೆ ತಿಳಿಯುವುದೇ ಇಲ್ಲ. ಒಂದು ಸುತ್ತು ಒಂದೇ ಬಾಲ್‌ನಲ್ಲಿ ಮುಗಿಸುವಷ್ಟು ಆದ ಮೇಲೆ ಯುರೆಥೇನ್ ನೋಡುವಾ ಎಂದೂ ಹೇಳಿದ್ದೇನೆ. ಬಣ್ಣ ಹಳದಿ ಇರಲಿ ಅಂದಿದ್ದೆ, ಅವಳು ಗುಲಾಬಿ ತೆಗೆದುಕೊಂಡಿದ್ದಾಳೆ. ಹಸಿರು ಹುಲ್ಲಿನಲ್ಲಿ ಅದೂ ಚೆನ್ನಾಗಿ ಕಾಣುತ್ತದೆ, ನಮ್ಮ ಕೆಂಪು ಮಣ್ಣಿನ ಮೇಲೆ ಮಾತ್ರ ಬಗ್ಗಿ ಹುಡುಕಬೇಕು.