10,000 ಲಕ್ಸ್ ಸರಿ, ಎಷ್ಟು ದೂರಕ್ಕೆ? ಸ್ಟಾಕ್‌ಹೋಮ್ ಚಳಿಗಾಲಕ್ಕೊಂದು ಬೆಳಕಿನ ಲ್ಯಾಂಪ್

ಬೆಂಗಳೂರಿನ ಅತಿ ಚಿಕ್ಕ ಹಗಲು ಸುಮಾರು 11 ಗಂಟೆ 20 ನಿಮಿಷ. ಸ್ಟಾಕ್‌ಹೋಮಿನದು 6 ಗಂಟೆಯ ಆಸುಪಾಸು: ಡಿಸೆಂಬರ್ 21ರ ಸುಮಾರಿಗೆ ಸೂರ್ಯ ಹುಟ್ಟುವುದು ಬೆಳಿಗ್ಗೆ 8:45ಕ್ಕೆ, ಮಧ್ಯಾಹ್ನ ಮೂರಾಗುವ ಮುಂಚೆಯೇ ಮುಳುಗಿಯಾಯಿತು. ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋದರೆ ನಾಲ್ಕಕ್ಕೆಲ್ಲ ದೀಪ ಹಚ್ಚುವ ಹೊತ್ತು. ಹೊಸದಾಗಿ ಬಂದವರು ಚಳಿಗೆ ಜಾಕೆಟ್ಟು, ಬೂಟು ಎಲ್ಲ ಜೋಡಿಸಿಕೊಳ್ಳುತ್ತಾರೆ, ಕತ್ತಲಿಗೆ ಏನೂ ಮಾಡಿಕೊಂಡಿರುವುದಿಲ್ಲ. ನವೆಂಬರಿನಲ್ಲಿ ಹಾಸಿಗೆ ಬಿಟ್ಟೇಳಲಾಗದು, ಎಷ್ಟು ಮಲಗಿದರೂ ಸಾಲದು, ಸಿಹಿ ತಿನ್ನಬೇಕೆನಿಸುತ್ತದೆ, ಯಾವುದರಲ್ಲೂ ಮನಸ್ಸು ನಿಲ್ಲುವುದಿಲ್ಲ. ಈ ಋತುಮಾನದ ಖಿನ್ನತೆಯನ್ನು ವೈದ್ಯರು 1984ರಲ್ಲಿ ಹೆಸರಿಟ್ಟು ವಿವರಿಸಿದರು. ಅದಕ್ಕೆ ಬಳಸುವ ಲ್ಯಾಂಪನ್ನು ಇಲ್ಲಿ ಸ್ವೀಡಿಷ್ ಭಾಷೆಯಲ್ಲಿ ‘ಯೂಸ್‌ತೆರಾಪಿಲಾಂಪ’ ಅನ್ನುತ್ತಾರೆ.

ಅಂಗಡಿಯಲ್ಲಿ ಎಲ್ಲ ಡಬ್ಬಿಗಳ ಮೇಲೂ ‘10,000 ಲಕ್ಸ್’ ಎಂದೇ ಇರುತ್ತದೆ. ಅದು ಅರ್ಧ ಮಾತು. ಉಳಿದರ್ಧ ಸಣ್ಣ ಅಕ್ಷರದಲ್ಲಿ, ಡಬ್ಬಿಯ ಹಿಂಬದಿಯಲ್ಲೋ ಕೈಪಿಡಿಯೊಳಗೋ ಇರುತ್ತದೆ: ಎಷ್ಟು ಸೆಂಟಿಮೀಟರ್ ದೂರದಲ್ಲಿ? ಲಕ್ಸ್ ಎಂದರೆ ಬೆಳಕು ಬಂದು ಬೀಳುವ ಜಾಗದ ಲೆಕ್ಕ, ಲ್ಯಾಂಪಿನ ಸ್ವಂತ ಗುಣವಲ್ಲ. ಟ್ಯಾಬ್ಲೆಟ್ಟಿನಷ್ಟಿರುವ ಚಿಕ್ಕ ಲ್ಯಾಂಪುಗಳು ಬಹುಪಾಲು 10–15 ಸೆಂ.ಮೀ.ನಲ್ಲಿ ಮಾತ್ರ ಆ ಮಟ್ಟ ಮುಟ್ಟುತ್ತವೆ. ಅದು ಒಂದು ಗೇಣಿಗೂ ಕಡಿಮೆ. ಅಷ್ಟು ಹತ್ತಿರ ಮುಖವಿಟ್ಟು ಕೂತರೆ ಇಡ್ಲಿ ತಟ್ಟೆ ಇಡಲು ಜಾಗವಿಲ್ಲ, ಕಾಫಿ ಲೋಟ ಬಾಯಿಗೆ ಬರುವಾಗ ಲ್ಯಾಂಪಿಗೆ ತಾಗುತ್ತದೆ. ನಾಲ್ಕನೇ ದಿನಕ್ಕೆ ನೀವೇ ಅದನ್ನು ಅತ್ತ ಸರಿಸುತ್ತೀರಿ. ದೂರ ಎರಡರಷ್ಟಾದರೆ ಬೆಳಕು ಹೆಚ್ಚುಕಡಿಮೆ ಕಾಲುಭಾಗಕ್ಕೆ ಇಳಿಯುತ್ತದೆ: 15 ಸೆಂ.ಮೀ.ನ 10,000 ಲಕ್ಸ್ 30ರಲ್ಲಿ 2,500ರ ಸುಮಾರು, 60ರಲ್ಲಿ ಸಾವಿರವೂ ಇಲ್ಲ. “ಲ್ಯಾಂಪ್ ತಂದೆವು, ಏನೂ ಉಪಯೋಗವಾಗಲಿಲ್ಲ” ಎಂಬ ದೂರಿನ ಬೇರು ಹೆಚ್ಚಿನ ಸಲ ಇಲ್ಲೇ ಇರುತ್ತದೆ.

ಹಾಗಾಗಿ ದೊಡ್ಡದನ್ನೇ ಕೊಳ್ಳಿ. ಬೆಳಗುವ ಭಾಗ ಸುಮಾರು 30×40 ಸೆಂ.ಮೀ. ಇದ್ದು, 30 ಸೆಂ.ಮೀ. ಅಥವಾ ಅದಕ್ಕಿಂತ ದೂರದಲ್ಲಿ 10,000 ಲಕ್ಸ್ ಎಂದು ಬರೆದಿರಬೇಕು. ಮಕ್ಕಳ ಸ್ಕೂಲ್ ಸ್ಕೇಲಿನ ಉದ್ದದಷ್ಟು ದೂರವಿದ್ದರೆ ತಿಂಡಿಯೂ ಆಗುತ್ತದೆ, ತಲೆ ಆಚೀಚೆ ಆಡಿಸಿದರೂ ಬೆಳಕು ತಪ್ಪುವುದಿಲ್ಲ. ಬೆಲೆ ಹೆಚ್ಚು, ಮೇಜಿನ ಮೇಲೆ ಅಂದವಾಗಿಯೂ ಕಾಣದು, ಆದರೂ ದಿನವೂ ಬಳಕೆಯಾಗುವುದು ಅದೇ.

ಇನ್ನು ಹೆಸರು ನೋಡಿ ಮೋಸಹೋಗುವ ಎರಡು ವಸ್ತುಗಳಿವೆ. ‘ಡೇಲೈಟ್’ ಎಂಬ ಓದುವ ಲ್ಯಾಂಪು 6,500 ಕೆಲ್ವಿನ್ ಅನ್ನುತ್ತದೆ. ಅದು ಬೆಳಕಿನ ಬಣ್ಣ, ಪ್ರಮಾಣವಲ್ಲ. ಅಲಾರಾಂ ಜೊತೆ ನಿಧಾನವಾಗಿ ಹೊತ್ತಿಕೊಳ್ಳುವ ವೇಕ್-ಅಪ್ ಲೈಟು ಏಳಲು ಸಹಾಯ ಮಾಡುತ್ತದೆ, ಆದರೆ ಅದು ಕೆಲವು ನೂರು ಲಕ್ಸಿನ ವ್ಯವಹಾರ. ಆಫೀಸಿನ ಸಾಮಾನ್ಯ ಬೆಳಕೇ 300–500 ಲಕ್ಸ್ ಇರುತ್ತದೆ.

ಡಬ್ಬಿಯ ಮೇಲೆ ‘ಯುವಿ (ಅತಿನೇರಳೆ ಕಿರಣ) ರಹಿತ’ ಎಂದಿರಬೇಕು. ಯುರೋಪಿನ ನಿಯಮಗಳಿಗೆ ಹೊಂದುತ್ತದೆ ಎಂದು ಹೇಳುವ ಸಿಇ (CE) ಗುರುತಿನ ಪಕ್ಕದಲ್ಲಿ ನಾಲ್ಕಂಕಿಯ ಸಂಖ್ಯೆ ಇದೆಯೇ ನೋಡಿ: ವೈದ್ಯಕೀಯ ಸಾಧನವಾಗಿ ಹೊರಗಿನ ಸಂಸ್ಥೆಯೊಂದು ಪರಿಶೀಲಿಸಿದೆ ಎಂಬುದಕ್ಕೆ ಅದು ಸೂಚನೆ. ಬರೀ ಸಿಇ ಎಂದರೆ ಸಾಮಾನ್ಯ ದೀಪವೂ ಆಗಿರಬಹುದು. ಲ್ಯಾಂಪ್ ಹಚ್ಚಿ ಫೋನ್ ಕ್ಯಾಮೆರಾ ಹಿಡಿಯಿರಿ. ಪರದೆಯಲ್ಲಿ ಪಟ್ಟೆಪಟ್ಟೆ ಓಡಿದರೆ ಬೆಳಕು ಮಿನುಗುತ್ತಿದೆ ಎಂದರ್ಥ, ತಲೆನೋವಿನವರು ಅಂಥದ್ದನ್ನು ಬಿಡುವುದೇ ಒಳ್ಳೆಯದು. ಫೋನಿನ ಲಕ್ಸ್ ಆ್ಯಪ್ ನಿಖರವಲ್ಲ, ಎರಡು ಲ್ಯಾಂಪ್ ಹೋಲಿಸಿ ನೋಡಲು ಸಾಕು. ಫೋನನ್ನು ನಿಮ್ಮ ಕಣ್ಣಿರುವ ಜಾಗದಲ್ಲೇ ಹಿಡಿದು ಲ್ಯಾಂಪಿನತ್ತ ತಿರುಗಿಸಿ.

ಬಳಸುವ ಬಗೆ

ಎದ್ದ ಒಂದು ಗಂಟೆಯೊಳಗೆ, ದಿನಾ ಅದೇ ಹೊತ್ತಿಗೆ, 10,000 ಲಕ್ಸ್‌ನಲ್ಲಿ ಅರ್ಧ ಗಂಟೆ. 5,000 ಆದರೆ ಒಂದು ಗಂಟೆ, 2,500 ಆದರೆ ಎರಡು ಗಂಟೆ. ಬೆಳಿಗ್ಗೆ ಮಕ್ಕಳನ್ನು ಹೊರಡಿಸುವ ಮನೆಯಲ್ಲಿ ಎರಡು ಗಂಟೆ ಯಾರಿಗೂ ಸಿಗುವುದಿಲ್ಲ, ದೊಡ್ಡ ಲ್ಯಾಂಪಿಗೆ ಇದೂ ಒಂದು ಕಾರಣ. ಲ್ಯಾಂಪು ಕಣ್ಣಿಗಿಂತ ಸ್ವಲ್ಪ ಮೇಲೆ, ಒಂದು ಪಕ್ಕಕ್ಕೆ ಓರೆಯಾಗಿರಲಿ. ಅದನ್ನೇ ದಿಟ್ಟಿಸಬೇಡಿ, ಕಣ್ಣು ತೆರೆದು ಓದಿ, ತಿನ್ನಿ. ಬೆನ್ನ ಹಿಂದೆ ಇಟ್ಟರೆ ವ್ಯರ್ಥ. ಮೊದಲ ವಾರ 10–15 ನಿಮಿಷದಿಂದ ಶುರುಮಾಡಿ. ತಲೆನೋವು, ಕಣ್ಣುರಿ, ಸಿಡುಕು ಬಂದರೆ ಹೊತ್ತು ಇಳಿಸಿ. ಫಲ ಕಾಣಲು ಒಂದೆರಡು ವಾರ ಬೇಕು. ಸಂಜೆ ಹಚ್ಚಿದರೆ ನಿದ್ದೆ ಕೆಡುತ್ತದೆ, ಮರುದಿನ ಏಳುವುದು ಇನ್ನೂ ಕಷ್ಟ.

ಆಫೀಸಿಗೆ ಎಂದಾದರೆ ಎಂಟು–ಒಂಬತ್ತರೊಳಗೆ ಮುಗಿಸುವಂತಿರಲಿ. ತೆರೆದ ಹಾಲ್‌ಗಳಲ್ಲಿ ಪಕ್ಕದವರ ಕಣ್ಣಿಗೆ ಹೊಡೆಯುತ್ತದೆ, ಮೊದಲೇ ಒಂದು ಮಾತು ಕೇಳಿ. ಕಂಪನಿಯ ‘ಫ್ರಿಸ್ಕ್‌ವೋರ್ಡ್’ ಭತ್ಯೆಯಲ್ಲಿ ಲ್ಯಾಂಪ್ ಕೊಳ್ಳಲಾಗದು. ಅದಿರುವುದು ಜಿಮ್, ಈಜಿನಂಥ ಚಟುವಟಿಕೆಗೆ, ಸಾಮಾನಿಗಲ್ಲ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಹೊರಗೊಂದು ಸುತ್ತು ಹಾಕಿ. ಮೋಡ ಕವಿದಿದ್ದರೂ ಹೊರಗಿನ ಬೆಳಕು ಒಳಗಿನದಕ್ಕಿಂತ ಎಷ್ಟೋ ಹೆಚ್ಚು. (ಉತ್ತರದ ಉಮಿಯೊ ಊರಿನಲ್ಲಿ 2012ರ ಚಳಿಗಾಲ ಬಸ್ ನಿಲ್ದಾಣಗಳಲ್ಲೇ ಇಂಥ ಲ್ಯಾಂಪ್ ಹಾಕಿದ್ದರು.)

ಮೊದಲು ವೈದ್ಯರನ್ನು ಕೇಳಬೇಕಾದವರು

ಬೈಪೋಲಾರ್ (ಮನಸ್ಸು ಉನ್ಮಾದಕ್ಕೂ ಖಿನ್ನತೆಗೂ ತೂಗಾಡುವ ಕಾಯಿಲೆ) ಇರುವವರು ವೈದ್ಯರ ಮಾತಿಲ್ಲದೆ ಹಚ್ಚಲೇಬಾರದು, ಬೆಳಕು ಉನ್ಮಾದವನ್ನು ಕೆರಳಿಸಬಹುದು. ಅಕ್ಷಿಪಟಲದ ತೊಂದರೆ ಇರುವವರೂ ಅಷ್ಟೇ. ಊರಿಂದ ಬಂದ ಅಪ್ಪ ಅಮ್ಮನಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಕೆಟ್ಟಿದ್ದರೆ ಮರೆಯಬೇಡಿ. ಡಾಕ್ಸಿಸೈಕ್ಲಿನ್, ಅಮಿಯೊಡರೋನ್‌ನಂಥ ಕೆಲವು ಔಷಧಗಳು ಬೆಳಕಿಗೆ ಮೈಯನ್ನು ಸೂಕ್ಷ್ಮ ಮಾಡುತ್ತವೆ. ಬದುಕೇ ಬೇಡ ಅನ್ನಿಸುವಷ್ಟು ಕುಗ್ಗಿದ್ದರೆ ಅದು ಲ್ಯಾಂಪಿನ ಕೆಲಸವಲ್ಲ: ಮಾತಾಡಲು, ವಿಚಾರಿಸಲು ಆರೋಗ್ಯ ಸಲಹೆಯ ಫೋನ್ ಸಂಖ್ಯೆ 1177, ತುರ್ತಾದರೆ 112.

ಇನ್ನೊಂದು ತಪ್ಪು ತಿಳಿವಳಿಕೆ: ಈ ಲ್ಯಾಂಪಿನಿಂದ ಡಿ ವಿಟಮಿನ್ ಬರುವುದಿಲ್ಲ. ಅದಕ್ಕೆ ಯುವಿ ಬೇಕು, ಇದರಲ್ಲಿ ಅದನ್ನು ಬೇಕೆಂದೇ ತೆಗೆದಿರುತ್ತಾರೆ. ಕಂದು ಮೈಬಣ್ಣ, ಮೀನು ತಿನ್ನದ ಮನೆ ಎಂದರೆ ಕೊರತೆ ಸುಲಭ. ಎರಡು ವರ್ಷದೊಳಗಿನ ಮಕ್ಕಳಿಗೆ ಬಿವಿಸಿಯಲ್ಲಿ (ಚಿಕ್ಕ ಮಕ್ಕಳ ಆರೋಗ್ಯ ಕೇಂದ್ರ) ಡಿ ವಿಟಮಿನ್ ಹನಿಗಳನ್ನು ಕೊಡುತ್ತಾರೆ. ದೊಡ್ಡ ಮಕ್ಕಳಿಗೂ ಬೇಕೇ ಎಂದು ಅಲ್ಲೇ ಕೇಳಿ.

ಆನ್‌ಲೈನ್‌ನಲ್ಲಿ ಕೊಂಡರೆ ಕೈಸೇರಿದ 14 ದಿನದೊಳಗೆ ಹಿಂತಿರುಗಿಸುವ ಹಕ್ಕಿದೆ. ಅಂಗಡಿಯಲ್ಲಿ ಕೊಂಡರೆ ಆ ಹಕ್ಕು ಕಾನೂನಿನಲ್ಲಿಲ್ಲ, ಅಂಗಡಿಯವರ ನಿಯಮ ಕೇಳಿಕೊಳ್ಳಿ. ಮೂಲ ದೋಷಕ್ಕೆ ಮೂರು ವರ್ಷದವರೆಗೆ ದೂರು ಕೊಡಬಹುದು, ರಸೀದಿ ಜೋಪಾನ. ಮಾರ್ಚ್ ಕೊನೆಗೆ ಹಗಲು 12 ಗಂಟೆ ದಾಟುತ್ತದೆ, ಲ್ಯಾಂಪನ್ನು ಡಬ್ಬಿಗೆ ಹಾಕಿ. ಅದರ ಅಡಾಪ್ಟರನ್ನೂ ಅದೇ ಡಬ್ಬಿಗೆ ಹಾಕಿ. ಅಕ್ಟೋಬರಿನಲ್ಲಿ ಸಿಕ್ಕ ಯಾವುದೋ ಅಡಾಪ್ಟರ್ ಚುಚ್ಚಿ, ವೋಲ್ಟೇಜ್ ಹೊಂದದೆ ಸುಟ್ಟುಹೋದರೆ ರಸೀದಿಯೂ ನೆರವಿಗೆ ಬರುವುದಿಲ್ಲ.