ಹುಡುಗನ ಕ್ರಾಪಿನಿಂದ ಯುವಕನ ಕ್ರಾಪಿಗೆ: ನನ್ನ ಅನುಭವ

ಮೀಸೆ ಚಿಗುರುವ ವಯಸ್ಸಿನ ಹುಡುಗರಿಗೆ ಕ್ಷೌರ ಮಾಡುವುದು ನನ್ನ ದಿನದ ಕೆಲಸದ ದೊಡ್ಡ ಪಾಲು. 14ರಿಂದ 19ರವರೆಗಿನ ಈ ಹುಡುಗರು ಕುರ್ಚಿಯಲ್ಲಿ ಕುಳಿತ ಕೂಡಲೇ ಫೋನನ್ನು ನನ್ನ ಮುಂದೆ ಹಿಡಿಯುತ್ತಾರೆ. ಅದರಲ್ಲಿರುವ ಚಿತ್ರ ಸಾಮಾನ್ಯವಾಗಿ ಇಪ್ಪತ್ತೈದು ದಾಟಿದ, ದವಡೆಯ ಮೂಳೆ ಗಟ್ಟಿಯಾದ, ದಟ್ಟ ಗಡ್ಡ ಬಿಟ್ಟ ಒಬ್ಬನದ್ದಾಗಿರುತ್ತದೆ. ಬಾಯಿಂದ ಕೇಳುವುದು ಕ್ರಾಪನ್ನಾದರೂ ಅವರು ಒಳಗೊಳಗೇ ಬಯಸುವುದು ಆ ವಯಸ್ಸನ್ನು. ‘ಸ್ವಲ್ಪ ದೊಡ್ಡವನ ಹಾಗೆ ಕಾಣಬೇಕು’ ಎಂಬ ಮಾತನ್ನು ಕೆಲವರು ನೇರವಾಗಿ ಹೇಳುತ್ತಾರೆ, ಹೆಚ್ಚಿನವರು ನಾಚಿಕೊಂಡು ಹೇಳದೆ ಉಳಿಯುತ್ತಾರೆ. ಆ ಬಯಕೆಯನ್ನು ನಾನು ಎಂದೂ ಹಗುರವಾಗಿ ತೆಗೆದುಕೊಂಡಿಲ್ಲ. ಆ ವಯಸ್ಸಿನಲ್ಲಿ ಕನ್ನಡಿಯಲ್ಲಿ ಕಾಣುವ ಮುಖಕ್ಕೂ ಒಳಗೆ ಬೆಳೆಯುತ್ತಿರುವ ಮನಸ್ಸಿಗೂ ಹೊಂದಿಕೆ ತಪ್ಪಿರುತ್ತದೆ, ಮತ್ತು ತಲೆಗೂದಲು ಮಾತ್ರವೇ ಅವರು ತಮ್ಮ ಕೈಯಾರೆ ಬದಲಾಯಿಸಿಕೊಳ್ಳಬಹುದಾದ ಭಾಗ.

ಆದರೆ ಚಿತ್ರದಲ್ಲಿರುವವನಿಗೆ ಆ ಕ್ರಾಪು ಒಪ್ಪಲು ಮುಖ್ಯ ಕಾರಣ ಅವನ ಗಡ್ಡ ಎಂಬುದನ್ನು ನಾನು ಮೊದಲೇ ವಿವರಿಸಿ ಹೇಳುತ್ತೇನೆ. ಕಿವಿಯ ಸುತ್ತಲಿನ ಕೂದಲನ್ನು ಚರ್ಮ ಕಾಣುವಷ್ಟು ಇಳಿಸುವ ಸ್ಕಿನ್ ಫೇಡ್, ಗಡ್ಡವಿರುವ ಮುಖಕ್ಕೆ ಒಂದು ಚೌಕಟ್ಟನ್ನು ಕಟ್ಟಿಕೊಡುತ್ತದೆ: ಮೇಲೆ ದಟ್ಟ, ನಡುವೆ ತೆಳು, ಕೆಳಗೆ ಮತ್ತೆ ದಟ್ಟ. ಅದೇ ಕ್ರಾಪನ್ನು ನುಣುಪಾದ ಕೆನ್ನೆಯ ಹದಿನಾರರ ಹುಡುಗನಿಗೆ ಮಾಡಿದರೆ ಕಿವಿಯಿಂದ ಗಲ್ಲದವರೆಗೆ ಎಲ್ಲವೂ ಬೋಳಾಗಿ, ಕೆನ್ನೆಗಳು ತುಂಬಿಕೊಂಡಂತೆಯೂ ಕಿವಿಗಳು ಅಗಲವಾದಂತೆಯೂ ತೋರಿ, ಅವನು ಇನ್ನೆರಡು ವರ್ಷ ಚಿಕ್ಕವನಾಗಿ ಕಾಣುತ್ತಾನೆ. ಆದ್ದರಿಂದ ನಾನು ಅಂಥವರಿಗೆ ಟೇಪರ್ ಸೂಚಿಸುತ್ತೇನೆ. ಟೇಪರಿನಲ್ಲಿಯೂ ಕೂದಲು ಕೆಳಗಿಳಿದಂತೆ ಕಿರಿದಾಗುತ್ತದೆ, ಆದರೆ ಕಿವಿಯ ಮುಂದೆ ಮತ್ತು ಕತ್ತಿನ ಅಂಚಿನವರೆಗೂ ಕೂದಲು ಉಳಿದಿರುತ್ತದೆ. ಗಡ್ಡದಿಂದ ಆಗಬೇಕಾದ ಕೆಲಸವನ್ನು ಕಿವಿಯ ಮುಂದಿನ ಆ ಕೂದಲಿನ, ಅಂದರೆ ಸೈಡ್‌ಬರ್ನಿನ, ನೆರಳು ಅಲ್ಪಸ್ವಲ್ಪ ಮಾಡಿಕೊಡುತ್ತದೆ.

ಇತ್ತೀಚೆಗೆ ಮಾಡಿದ ಒಂದು ಕ್ರಾಪನ್ನು ಇಲ್ಲಿ ವಿವರವಾಗಿ ಹೇಳುತ್ತೇನೆ. ಹುಡುಗನಿಗೆ ಹದಿನಾರು ವರ್ಷ. ದುಂಡು ಮುಖ, ನೇರವಾದ ದಟ್ಟ ಕೂದಲು, ಹುಬ್ಬನ್ನು ಮುಚ್ಚುವಂತೆ ಹಣೆಯ ಮೇಲೆ ಇಳಿಬಿಟ್ಟ ಮುಂಗೂದಲು, ಮೇಲ್ದುಟಿಯ ಮೇಲೆ ಎಳೆಯ ಮೀಸೆ. ಐದನೇ ತರಗತಿಯಿಂದಲೂ ಇದೇ ಕ್ರಾಪು ಎಂದ. ಅವನು ತೋರಿಸಿದ ಚಿತ್ರವನ್ನು ನೋಡಿ, ಅದರಲ್ಲಿ ಏನು ಇಷ್ಟವಾಯಿತು ಎಂದು ಕೇಳಿದೆ. ಬಹಳ ಹೊತ್ತು ಯೋಚಿಸಿ ‘ಹಣೆ ಕಾಣಿಸುತ್ತದೆ’ ಎಂದು ಉತ್ತರಿಸಿದ. ಈ ಪ್ರಶ್ನೆಯನ್ನು ನಾನು ತಪ್ಪದೆ ಕೇಳುತ್ತೇನೆ, ಏಕೆಂದರೆ ಚಿತ್ರವನ್ನು ಇದ್ದ ಹಾಗೆಯೇ ನಕಲು ಮಾಡುವುದಕ್ಕಿಂತ ಅದರಲ್ಲಿ ಅವನ ಮನಸ್ಸಿಗೆ ಹಿಡಿಸಿದ ಒಂದು ಅಂಶವನ್ನು ಅವನ ತಲೆಗೆ ಒಪ್ಪುವಂತೆ ತರುವುದು ಎಷ್ಟೋ ಮೇಲು. ಹಣೆ ಕಾಣಿಸುವುದು ನಿಜವಾಗಿಯೂ ದೊಡ್ಡ ವಿಷಯ. ಹಣೆ ಮುಚ್ಚಿದಾಗ ಮುಖ ಗಿಡ್ಡವಾಗಿ, ಕಣ್ಣು ಕೆನ್ನೆಗಳೇ ಪ್ರಧಾನವಾಗಿ ಮಗುವಿನ ಮುಖದ ಅಳತೆಗೆ ಹತ್ತಿರವಾಗುತ್ತದೆ. ಹಣೆಯನ್ನು ಮುಕ್ಕಾಲು ಪಾಲು ತೆರೆದರೂ ಸಾಕು, ಮುಖಕ್ಕೆ ಉದ್ದ ಬರುತ್ತದೆ.

ಕೂದಲನ್ನು ನಾನು ಮೊದಲು ಒಣಗಿದ ಸ್ಥಿತಿಯಲ್ಲಿಯೇ ನೋಡುತ್ತೇನೆ. ಒದ್ದೆ ಕೂದಲು ಎಲ್ಲರ ತಲೆಯ ಮೇಲೂ ಒಂದೇ ರೀತಿ ಮಲಗುತ್ತದೆ, ತನ್ನ ಸ್ವಭಾವವನ್ನು ಅದು ತೋರಿಸುವುದು ಒಣಗಿದಾಗ. ಆಮೇಲೆ ನೆತ್ತಿಯ ಸುಳಿಯನ್ನು ಹುಡುಕುತ್ತೇನೆ. ಹೆಚ್ಚಿನವರ ಸುಳಿ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ತಿರುಗುತ್ತದೆ, ಕೆಲವರದು ಎದುರು ದಿಕ್ಕಿನಲ್ಲಿ, ಅಪರೂಪಕ್ಕೆ ಎರಡು ಸುಳಿಗಳೂ ಇರುತ್ತವೆ. ಈ ಹುಡುಗನ ಸುಳಿ ನೆತ್ತಿಯ ಬಲಕ್ಕೆ ಸ್ವಲ್ಪ ಸರಿದಿತ್ತು, ಮುಂದೆ ಎಡ ಹಣೆಯ ಬಳಿ ಇನ್ನೊಂದು ಸಣ್ಣ ತಿರುವು ಇತ್ತು. ಇಷ್ಟು ವರ್ಷ ಅವನು ಮುಂಗೂದಲನ್ನು ಹಣೆಯ ಮೇಲೆ ಒತ್ತಿ ಒತ್ತಿ ಕೂರಿಸುತ್ತಿದ್ದದ್ದು ಈ ತಿರುವನ್ನು ಅಡಗಿಸಲಿಕ್ಕೇ. ನಾನು ಅದನ್ನು ಬೆರಳಿನಿಂದ ಎತ್ತಿ ತೋರಿಸಿ, ಇದು ದೋಷವಲ್ಲ, ಮುಂದಿನ ಕೂದಲು ತಾನಾಗಿಯೇ ಮೇಲೇಳಲು ಇದೇ ಆಸರೆ ಎಂದು ಹೇಳಿದಾಗ ಅವನು ಮುಂದಕ್ಕೆ ಬಾಗಿ ಕನ್ನಡಿಯಲ್ಲಿ ಅದನ್ನು ಮೊದಲ ಬಾರಿಗೆ ಗಮನವಿಟ್ಟು ನೋಡಿದ.

ಬೈತಲೆಯನ್ನೂ ನಾನು ಬಾಚಣಿಗೆಯಿಂದ ಎಳೆದು ಗೊತ್ತುಮಾಡುವುದಿಲ್ಲ. ಕೂದಲನ್ನು ಒದ್ದೆ ಮಾಡಿ, ಹಿಂದಕ್ಕೆ ನೇರವಾಗಿ ಬಾಚಿ, ನೆತ್ತಿಯ ಮೇಲೆ ಅಂಗೈ ಇಟ್ಟು ಮೆಲ್ಲನೆ ಮುಂದಕ್ಕೆ ತಳ್ಳಿದರೆ ಕೂದಲು ಒಂದು ಕಡೆ ತಾನೇ ಬಿರಿದುಕೊಳ್ಳುತ್ತದೆ. ಅದೇ ಅವನ ಸಹಜ ಬೈತಲೆ. ಇವನಿಗೆ ಅದು ಎಡಗಡೆ, ಹುಬ್ಬಿನ ಕಮಾನಿನ ನೇರಕ್ಕೆ ಸಿಕ್ಕಿತು. ಅವನು ಬಲಕ್ಕೆ ತೆಗೆದುಕೊಳ್ಳುತ್ತಿದ್ದ ಬೈತಲೆ ಮಧ್ಯಾಹ್ನದ ಹೊತ್ತಿಗೆ ಅಳಿಸಿಹೋಗುತ್ತಿದ್ದದ್ದು ಏಕೆಂದು ಆಗ ಅವನಿಗೂ ತಿಳಿಯಿತು.

ಪಕ್ಕಗಳಿಗೆ ಮೊದಲು 4ನೇ ನಂಬರಿನ ಗಾರ್ಡ್ (ಎಷ್ಟು ಉದ್ದ ಉಳಿಯಬೇಕೆಂದು ಗೊತ್ತುಮಾಡುವ ಬಾಚಣಿಗೆಯಂತಹ ಭಾಗ) ಹಾಕಿದ ಮೆಷಿನ್ ಓಡಿಸಿದೆ. ಅದು ಸುಮಾರು 13 ಮಿಲಿಮೀಟರ್ ಕೂದಲನ್ನು ಉಳಿಸುತ್ತದೆ. ಹಿಂಬುರುಡೆಯ ಉಬ್ಬಿನಿಂದ ಕೆಳಕ್ಕೆ ಮಾತ್ರ 3ನೇ ನಂಬರ್, ಅಂದರೆ 10 ಮಿಲಿಮೀಟರ್, ಕತ್ತಿನ ಅಂಚಿಗೆ ಬಂದಾಗ 2ನೇ ನಂಬರ್, 6 ಮಿಲಿಮೀಟರ್. ಹೀಗೆ ದೊಡ್ಡ ನಂಬರಿನಿಂದ ಆರಂಭಿಸಿದರೆ ಸಾಲದಿದ್ದಾಗ ಇಳಿಸಬಹುದು. ಒಮ್ಮೆ ಇಳಿಸಿದ್ದನ್ನು ಮತ್ತೆ ಏರಿಸಲು ಯಾವ ಕ್ಷೌರಿಕನಿಂದಲೂ ಆಗದು. ದುಂಡು ಮುಖಕ್ಕೆ ಪಕ್ಕಗಳು ಉಬ್ಬಿರಬಾರದು, ಆದರೆ ಅಗಲವಾದ ಕಿವಿಗಳನ್ನು ಬಯಲಿಗೆ ಬಿಡುವಷ್ಟು ತೆಳುವಾಗಲೂ ಬಾರದು. ಉದ್ದ ಮುಖದವನಾಗಿದ್ದರೆ ನಾನು ಪಕ್ಕಗಳಲ್ಲಿ ಇನ್ನಷ್ಟು ಕೂದಲು ಬಿಟ್ಟು ಮೇಲಿನ ಎತ್ತರವನ್ನು ಕಡಿಮೆ ಮಾಡುತ್ತಿದ್ದೆ. ಮುಖದ ಆಕಾರದ ಬಗ್ಗೆ ಜನ ಬಹಳ ಮಾತನಾಡುತ್ತಾರೆ, ಆದರೆ ನನ್ನ ಮಟ್ಟಿಗೆ ಅದರ ಉಪಯೋಗ ಇಷ್ಟೇ: ಮುಖ ಅಗಲವಿದ್ದರೆ ಎತ್ತರ ಕೊಡು, ಉದ್ದವಿದ್ದರೆ ಕೊಡಬೇಡ.

ಮೆಷಿನ್ ಬಿಟ್ಟುಹೋದ ಗೆರೆಗಳನ್ನು ಕತ್ತರಿ ಮತ್ತು ಬಾಚಣಿಗೆಯಿಂದ ಕರಗಿಸುವ ಕೆಲಸಕ್ಕೆ ನಾನು ಎಲ್ಲಕ್ಕಿಂತ ಹೆಚ್ಚು ಸಮಯ ಕೊಡುತ್ತೇನೆ. ಪಕ್ಕದ ಗಿಡ್ಡ ಕೂದಲು ಮೇಲಿನ ಉದ್ದ ಕೂದಲನ್ನು ಸೇರುವ ಜಾಗದಲ್ಲಿ ತಲೆ ಬಾಗುತ್ತದೆ, ಅಲ್ಲಿ ಮೆಟ್ಟಿಲಿನಂತಹ ಗೆರೆ ಉಳಿದರೆ ಅದು ಟೋಪಿ ಇಟ್ಟ ಹಾಗೆ ಕಾಣುತ್ತದೆ. ಬಾಚಣಿಗೆಯನ್ನು ತಲೆಗೆ ಅಂಟಿಸದೆ ಸ್ವಲ್ಪ ಹೊರಕ್ಕೆ ವಾಲಿಸಿ ಮೇಲಕ್ಕೆ ಸರಿಸುತ್ತಾ, ಹಲ್ಲುಗಳ ನಡುವಿನಿಂದ ಹೊರಬಂದ ಕೂದಲನ್ನಷ್ಟೇ ಕತ್ತರಿಸಬೇಕು. ಕತ್ತರಿಯ ಒಂದು ಅಲಗು ಬಾಚಣಿಗೆಗೆ ಸಮಾನಾಂತರವಾಗಿ ನಿಶ್ಚಲವಾಗಿರುತ್ತದೆ, ಹೆಬ್ಬೆರಳಿನ ಅಲಗು ಮಾತ್ರ ಆಡುತ್ತದೆ. ಕೈ ನಿಂತರೆ ಗುಳಿ ಬೀಳುತ್ತದೆ, ಆದ್ದರಿಂದ ಬಾಚಣಿಗೆ ಮೇಲೇರುವುದನ್ನು ನಿಲ್ಲಿಸಬಾರದು. ಒಳ್ಳೆಯ ಟೇಪರಿನಲ್ಲಿ ಎಲ್ಲಿಂದ ಎಲ್ಲಿಗೆ ಕೂದಲು ಕಿರಿದಾಯಿತು ಎಂದು ಬೆರಳಿಟ್ಟು ತೋರಿಸಲು ಬರುವುದಿಲ್ಲ.

ಮೇಲ್ಭಾಗದಲ್ಲಿ ಮುಂದಕ್ಕೆ 7 ಸೆಂಟಿಮೀಟರ್ ಬಿಟ್ಟು, ಹಿಂದಕ್ಕೆ ಹೋದಂತೆ 5ಕ್ಕೆ ಇಳಿಸಿದೆ. ಸುಳಿಯ ಜಾಗದಲ್ಲಿ ಅದಕ್ಕಿಂತ ಗಿಡ್ಡ ಮಾಡಲಿಲ್ಲ, ಏಕೆಂದರೆ ಸುಳಿಯ ಮೇಲಿನ ಕೂದಲಿಗೆ ತನ್ನ ಭಾರದಿಂದ ಮಲಗುವಷ್ಟು ಉದ್ದವಿರಬೇಕು. ತುದಿಗಳನ್ನು ನೇರವಾಗಿ ಕತ್ತರಿಸದೆ ಕತ್ತರಿಯ ಮೊನೆಯಿಂದ ಅಲ್ಲಲ್ಲಿ ಕಚ್ಚಿ ತೆಗೆದೆ. ಹಣೆಯ ಮೇಲೆ ಅಳೆದು ಎಳೆದಂತಹ ನೇರ ಗೆರೆ ಇರುವ ತನಕ ಯಾವ ಹುಡುಗನೂ ದೊಡ್ಡವನಂತೆ ಕಾಣುವುದಿಲ್ಲ. ಇವನ ಮುಂಗೂದಲು ಮೊದಲೇ ಉದ್ದವಿದ್ದದ್ದರಿಂದ ಅಂದೇ ಪಕ್ಕಕ್ಕೆ ಹೊರಳಿಸಲು ಸಾಧ್ಯವಾಯಿತು. ಮುಂಗೂದಲು ಗಿಡ್ಡವಿರುವವರಿಗೆ ನಾನು ಕಾಯಲು ಹೇಳುತ್ತೇನೆ. ಕೂದಲು ಬೆಳೆಯುವುದು ತಿಂಗಳಿಗೆ ಸುಮಾರು 1 ಸೆಂಟಿಮೀಟರಿಗಿಂತ ತುಸು ಹೆಚ್ಚು, ಹಾಗಾಗಿ ಮೂರು ನಾಲ್ಕು ತಿಂಗಳು ಮುಂಭಾಗವನ್ನು ಮುಟ್ಟದೆ ಪಕ್ಕ ಮತ್ತು ಕತ್ತನ್ನು ಮಾತ್ರ ಚೊಕ್ಕಟ ಮಾಡಿಸಿಕೊಳ್ಳುತ್ತಿರಬೇಕು. ಈ ನಡುವಿನ ತಿಂಗಳುಗಳಲ್ಲಿ ಬೇಸತ್ತು ಎಲ್ಲವನ್ನೂ ಬೋಳಿಸಿಕೊಂಡು ಬರುವವರನ್ನು ಕಂಡಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಗುಂಗುರು ಕೂದಲಿನ ವಿಷಯದಲ್ಲಿ ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ತಪ್ಪು ಮಾಡಿದ್ದೆ. ಹದಿನೈದರ ಹುಡುಗನೊಬ್ಬನ ಕೂದಲನ್ನು ಒದ್ದೆಯಾಗಿದ್ದಾಗ ಅಳೆದು, ಚಿತ್ರದಲ್ಲಿದ್ದಷ್ಟೇ ಉದ್ದಕ್ಕೆ ಕತ್ತರಿಸಿದೆ. ನೀರು ಹೀರಿದ ಕೂದಲು ಹಿಗ್ಗುತ್ತದೆ, ಗುಂಗುರು ಕೂದಲಂತೂ ಒಣಗಿದಾಗ ಸುರುಳಿ ಸುತ್ತಿಕೊಂಡು ಇನ್ನೂ ಮೇಲಕ್ಕೆ ಹೋಗುತ್ತದೆ. ಒಣಗಿದ ಮೇಲೆ ಹಣೆಯ ಮೇಲಿರಬೇಕಾದ ಕೂದಲು ನೆತ್ತಿಯ ಹತ್ತಿರ ಕುಳಿತಿತ್ತು. ಅವನು ಏನೂ ಹೇಳಲಿಲ್ಲ, ಕನ್ನಡಿಯನ್ನು ಎರಡನೆಯ ಬಾರಿ ನೋಡದೆ ಎದ್ದುಹೋದ. ಅಂದಿನಿಂದ ಗುಂಗುರು ಕೂದಲನ್ನು ಒಣಗಿದ್ದಾಗಲೇ ಸುರುಳಿ ಸುರುಳಿಯಾಗಿ ನೋಡಿ ಕತ್ತರಿಸುತ್ತೇನೆ, ಮತ್ತು ತೆಳು ಮಾಡುವ ಹಲ್ಲುಗತ್ತರಿಯನ್ನು ಅದರ ಹತ್ತಿರ ಒಯ್ಯುವುದಿಲ್ಲ, ಏಕೆಂದರೆ ಅದು ಸುರುಳಿಯನ್ನು ಒಡೆದು ಕೂದಲನ್ನು ಸಿಬಿರು ಸಿಬಿರಾಗಿಸುತ್ತದೆ. ಗುಂಗುರು ಕೂದಲಿನವರಿಗೆ ದೊಡ್ಡವರ ನೋಟ ಬೇಕಿದ್ದರೆ ಸುರುಳಿಯನ್ನು ನೇರ ಮಾಡಿಸುವ ಅಗತ್ಯವೇ ಇಲ್ಲ. ಮೇಲೆ ಸುರುಳಿಗಳನ್ನು ಬಿಟ್ಟು, ಕಿವಿಯ ಸುತ್ತ ಮತ್ತು ಕತ್ತಿನ ಅಂಚನ್ನು ಶುದ್ಧವಾಗಿ ಇಳಿಸಿದರೆ ಸಾಕು.

ಕೊನೆಯಲ್ಲಿ ಸೈಡ್‌ಬರ್ನ್. ಅದನ್ನು ಕಿವಿಯ ನಡುಮಟ್ಟಕ್ಕೆ ನಿಲ್ಲಿಸುತ್ತೇನೆ. ಮೇಲಕ್ಕೆ ಕತ್ತರಿಸಿದರೆ ಎಳೆತನ ಬರುತ್ತದೆ, ಕೆಳಗೆ ಬಿಟ್ಟರೆ ವೇಷ ಹಾಕಿದಂತಾಗುತ್ತದೆ. ಎಡ ಬಲದ ಸೈಡ್‌ಬರ್ನ್‌ಗಳು ಸಮವಾಗಿವೆಯೇ ಎಂಬುದನ್ನು ಮಾತ್ರ ಕಿವಿಯಿಂದ ಅಳೆಯಬಾರದು, ಏಕೆಂದರೆ ಅನೇಕರ ಎರಡು ಕಿವಿಗಳು ಒಂದೇ ಎತ್ತರದಲ್ಲಿ ಇರುವುದಿಲ್ಲ. ಹಿಂದೆ ನಿಂತು ಎರಡು ತೋರುಬೆರಳುಗಳನ್ನು ಅಂಚಿಗೆ ಇಟ್ಟು ಕನ್ನಡಿಯಲ್ಲಿ ಸರಿನೋಡುತ್ತೇನೆ. ಕತ್ತಿನ ಹಿಂದೆ ಚೌಕಾಕಾರದ ಗೆರೆ ಕೊಡದೆ ಸಹಜ ಅಂಚಿನಲ್ಲಿಯೇ ಕರಗಿಸುತ್ತೇನೆ, ಅದು ಬೆಳೆದಾಗಲೂ ಅಸಹ್ಯವಾಗಿ ಕಾಣುವುದಿಲ್ಲ. ಎಳೆಯ ಮೀಸೆಯ ವಿಷಯವನ್ನು ನಾನಾಗಿ ಎತ್ತುವುದಿಲ್ಲ. ಅವನೇ ಕೇಳಿದರೆ, ಇನ್ನೂ ಅಲ್ಲೊಂದು ಇಲ್ಲೊಂದು ಇರುವ ತನಕ ತೆಗೆದರೇ ಮುಖ ಸ್ಪಷ್ಟವಾಗಿರುತ್ತದೆ ಎನ್ನುತ್ತೇನೆ. ಬೋಳಿಸಿದರೆ ಕೂದಲು ದಪ್ಪವಾಗಿ ಬೆಳೆಯುತ್ತದೆ ಎಂಬ ನಂಬಿಕೆ ಸುಳ್ಳು ಎಂಬುದನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಅನೇಕರು ಆ ಆಸೆಯಿಂದಲೇ ಪ್ರತಿದಿನ ಬ್ಲೇಡು ಹಾಕಿ ಚರ್ಮವನ್ನು ಕೆಡಿಸಿಕೊಳ್ಳುತ್ತಾರೆ.

ಕುರ್ಚಿಯಿಂದ ಏಳುವ ಮೊದಲು ಅವನ ಕೈಯಿಂದಲೇ ಒಮ್ಮೆ ಬಾಚಿಸುತ್ತೇನೆ. ನಾನು ಬಾಚಿ ಕಳಿಸಿದರೆ ಆ ಚೆಲುವು ಒಂದೇ ದಿನದ್ದು. ಕೂದಲು ಒದ್ದೆಯಾದಾಗ ಅದರ ಆಕಾರವನ್ನು ಹಿಡಿದಿಡುವ ಒಳಗಿನ ಹೈಡ್ರೋಜನ್ ಬಂಧಗಳು ಸಡಿಲಾಗಿ, ಒಣಗುವಾಗ ಯಾವ ಭಂಗಿಯಲ್ಲಿ ಇರುತ್ತದೋ ಆ ಭಂಗಿಯಲ್ಲಿಯೇ ಮತ್ತೆ ಕಟ್ಟಿಕೊಳ್ಳುತ್ತವೆ. ಹಾಗಾಗಿ ಸ್ನಾನದ ನಂತರ ಟವೆಲಿನಿಂದ ಉಜ್ಜದೆ ಒತ್ತಿ ನೀರು ತೆಗೆದು, ಇನ್ನೂ ಹಸಿಯಿರುವಾಗಲೇ ಬೈತಲೆ ತೆಗೆದು, ಮುಂಗೂದಲನ್ನು ಬೆರಳುಗಳಿಂದ ಬುಡದಲ್ಲಿ ಎತ್ತಿ ಪಕ್ಕಕ್ಕೆ ಹೊರಳಿಸಬೇಕು. ಡ್ರೈಯರ್ ಇದ್ದರೆ ಮಧ್ಯಮ ಬಿಸಿಯಲ್ಲಿ, ತಲೆಯಿಂದ ಒಂದು ಗೇಣು ದೂರ ಹಿಡಿದು ಎರಡು ಮೂರು ನಿಮಿಷ ಸಾಕು. ಪೂರ್ತಿ ಒಣಗಿದ ಮೇಲೆ ಕಿರುಬೆರಳಿನ ಉಗುರಿನಷ್ಟು ಮ್ಯಾಟ್ ಕ್ಲೇ (ಕೂದಲನ್ನು ಹಿಡಿದು ನಿಲ್ಲಿಸುವ ಹೊಳಪಿಲ್ಲದ ಲೇಪ) ಅಥವಾ ಕ್ರೀಮನ್ನು ಅಂಗೈಗಳಲ್ಲಿ ಕಾಣದಂತಾಗುವ ತನಕ ಉಜ್ಜಿ, ನೆತ್ತಿಯ ಹಿಂಭಾಗದಿಂದ ಆರಂಭಿಸಿ ಮುಂದಕ್ಕೆ ತರಬೇಕು. ಹುಡುಗರು ಇದನ್ನು ತಲೆಕೆಳಗಾಗಿ ಮಾಡುತ್ತಾರೆ: ಎಲ್ಲವನ್ನೂ ಮುಂಗೂದಲಿಗೆ ಮೆತ್ತುತ್ತಾರೆ. ಹೊಳೆಯುವ ಜೆಲ್ ಹಚ್ಚಿ ಮುಳ್ಳು ಮುಳ್ಳಾಗಿ ನಿಲ್ಲಿಸಿದ ಕೂದಲು ಎಷ್ಟೇ ಒಳ್ಳೆಯ ಕ್ರಾಪನ್ನೂ ಎಳೆತನಕ್ಕೆ ಎಳೆಯುತ್ತದೆ. ಸಾಲದೆಂಬಂತೆ, ಈ ವಯಸ್ಸಿನಲ್ಲಿ ಹಾರ್ಮೋನುಗಳಿಂದ ಚರ್ಮದ ಎಣ್ಣೆ ಗ್ರಂಥಿಗಳು ಚುರುಕಾಗಿರುವುದರಿಂದ ಪೊಮೇಡ್ ಎಂಬ ಜಿಡ್ಡಿನ ಕೂದಲ ಲೇಪ ಹಣೆಗೆ ತಗುಲಿ ಮೊಡವೆಗಳಿಗೆ ದಾರಿಯಾಗುತ್ತದೆ. ಹಚ್ಚಿದ್ದನ್ನು ಮಲಗುವ ಮೊದಲು ತೊಳೆಯಬೇಕು.

ಹದಿನೇಳು ಹದಿನೆಂಟರ ಹುಡುಗರು ಹಣೆ ತೆರೆದ ಕೂಡಲೇ ಎರಡು ಮೂಲೆಗಳನ್ನು ಮುಟ್ಟಿಕೊಂಡು, ಕೂದಲು ಉದುರುತ್ತಿದೆಯೇ ಎಂದು ಮೆಲುದನಿಯಲ್ಲಿ ಕೇಳುವುದುಂಟು. ಬಾಲ್ಯದ ದುಂಡನೆಯ ಕೂದಲಂಚು ಹದಿಹರೆಯದ ಕೊನೆಯಲ್ಲಿ ಮತ್ತು ಇಪ್ಪತ್ತರ ಹರೆಯದಲ್ಲಿ ಬಹಳ ಗಂಡಸರಲ್ಲಿ ತುಸು ಮೇಲಕ್ಕೆ ಸರಿಯುತ್ತದೆ, ಅಷ್ಟರಿಂದಲೇ ಬೊಕ್ಕತಲೆ ಬರುತ್ತಿದೆ ಎಂದರ್ಥವಲ್ಲ. ದಿನಕ್ಕೆ 50ರಿಂದ 100 ಕೂದಲು ಉದುರುವುದೂ ಸಹಜ. ನೆತ್ತಿ ತೆಳುವಾಗುತ್ತಿದ್ದರೆ ಅಥವಾ ನಾಣ್ಯದಂತೆ ಒಂದೆಡೆ ಬೋಳಾಗಿದ್ದರೆ ಮಾತ್ರ ನಾನು ಚರ್ಮವೈದ್ಯರ ಬಳಿಗೆ ಕಳಿಸುತ್ತೇನೆ. ಮೂಲೆಗಳು ಮೇಲೆ ಸರಿದವರಿಗೆ ಪಕ್ಕದ ಬೈತಲೆ ಇನ್ನೂ ಚೆನ್ನಾಗಿ ಒಪ್ಪುತ್ತದೆ, ಇದನ್ನು ಕನ್ನಡಿಯಲ್ಲಿ ತೋರಿಸಿದರೆ ಅವರ ಭುಜಗಳು ಸಡಿಲವಾಗುತ್ತವೆ.

ಆ ಹದಿನಾರರ ಹುಡುಗ ನಾಲ್ಕು ವಾರಗಳಾದ ಮೇಲೆ ಮತ್ತೆ ಬಂದ. ಇಂತಹ ಕ್ರಾಪಿಗೆ ಅದೇ ಸರಿಯಾದ ಅಂತರ, ಪಕ್ಕಗಳು ಕಿವಿಯ ಮೇಲೆ ಕೂರುವಷ್ಟು ಬೆಳೆದಿರುತ್ತವೆ. ಈ ಸಲ ಫೋನು ತೆಗೆಯಲಿಲ್ಲ. ಬೈತಲೆ ಸರಿಯಾದ ಜಾಗದಲ್ಲಿತ್ತು, ಹಣೆಯ ತಿರುವಿನ ಮೇಲೆ ಕೂದಲು ಎತ್ತರವಾಗಿ ನಿಂತಿತ್ತು, ಸುಳಿಯ ಹತ್ತಿರ ಮಾತ್ರ ಕ್ಲೇ ಸ್ವಲ್ಪ ಹೆಚ್ಚಾಗಿತ್ತು. ‘ಪಕ್ಕಗಳನ್ನು ಕಳೆದ ಸಲದಷ್ಟೇ ಇಳಿಸಿ, ಮುಂದೆ ಮುಟ್ಟಬೇಡಿ’ ಎಂದು ಹೇಳಿ, ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು ಕುಳಿತ.