ಮನೆಯಲ್ಲೇ ಕೆಲಸ ಮಾಡಿದ ಮೇಲೆ ಗಾಡಿ ಐಡ್ಲಿಂಗ್‌ನಲ್ಲಿ ನಡುಗಿತು: ನಾನು ಕಾರಣ ಹುಡುಕಿದ ಬಗೆ

ನಮ್ಮದು ನಾಲ್ಕು ಸಿಲಿಂಡರ್‌ನ ಪೆಟ್ರೋಲ್ ಕಾರು, ಲಕ್ಷ ಕಿಲೋಮೀಟರ್ ದಾಟಿದೆ. ಸಣ್ಣಪುಟ್ಟ ಕೆಲಸವೆಲ್ಲ ನಾನೇ ಮಾಡಿಕೊಳ್ಳುತ್ತೇನೆ. ಈ ಸಲ ಸ್ಪಾರ್ಕ್ ಪ್ಲಗ್, ಏರ್ ಫಿಲ್ಟರ್, ಎಂಜಿನ್ ಆಯಿಲ್ ಬದಲಿಸಿದೆ, ಜೊತೆಗೆ ಎಂಜಿನ್‌ಗೆ ಹೋಗುವ ಗಾಳಿಯನ್ನು ಪ್ಲೇಟಿನಿಂದ ಹತೋಟಿ ಮಾಡುವ ಥ್ರಾಟಲ್ ಬಾಡಿಯನ್ನು ಬಿಚ್ಚಿ ಕ್ಲೀನ್ ಮಾಡಿದೆ. ಕೀ ತಿರುಗಿಸಿದ ಕೂಡಲೇ ಸ್ಟಾರ್ಟ್ ಆಯಿತು. ಆದರೆ ನ್ಯೂಟ್ರಲ್‌ನಲ್ಲಿ ನಿಂತಾಗ ಸ್ಟೀರಿಂಗ್, ಸೀಟು ಎಲ್ಲ ನಡುಗುತ್ತಿತ್ತು. ಮೊದಲು 750 ಆರ್‌ಪಿಎಂ ಹತ್ತಿರ ಅಲ್ಲಾಡದೆ ನಿಲ್ಲುತ್ತಿದ್ದ ಮುಳ್ಳು ಈಗ 600ಕ್ಕೆ ಬೀಳುವುದು, 1,000ಕ್ಕೆ ಏರುವುದು, ಮತ್ತೆ ಬೀಳುವುದು. ರೋಡಿನಲ್ಲಿ ಮಾತ್ರ ಪಿಕಪ್ ಚೆನ್ನಾಗಿಯೇ ಇತ್ತು. ಇದು ದೊಡ್ಡ ಸುಳಿವು.

ಇಂಥ ಹೊತ್ತಲ್ಲಿ ಎಲ್ಲರೂ ಹೇಳುವುದು ಒಂದೇ ಮಾತು: ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿಡು, ರೀಸೆಟ್ ಆಗುತ್ತೆ. ದಯವಿಟ್ಟು ಮೊದಲೇ ಇದನ್ನು ಮಾಡಬೇಡಿ. ಎಂಜಿನ್ ನಡೆಸುವ ಕಂಪ್ಯೂಟರ್ ಆದ ಇಸಿಯು ಒಳಗೆ ದೋಷದ ಕೋಡ್ ಇರುತ್ತದೆ, ಕೋಡ್ ಬಂದ ಗಳಿಗೆಯ ಲೆಕ್ಕ ಇರುತ್ತದೆ, ಗಾಡಿ ಕಲಿತುಕೊಂಡ ಫ್ಯುಯಲ್ ಟ್ರಿಮ್ (ಪೆಟ್ರೋಲ್ ಹೊಂದಾಣಿಕೆಯ ಲೆಕ್ಕ) ಇರುತ್ತದೆ, ವೈರ್ ಬಿಚ್ಚಿದರೆ ಬಹುಪಾಲು ಗಾಡಿಗಳಲ್ಲಿ ಅಷ್ಟೂ ಅಳಿಸಿ ಹೋಗುತ್ತದೆ. ಥ್ರಾಟಲ್ ಕ್ಲೀನ್ ಮಾಡಿದ ಮೇಲೆ ರೀಸೆಟ್ ಬೇಕಾಗುತ್ತದೆ ನಿಜ. ಮಸಿ ಕಟ್ಟಿದಷ್ಟೂ ಇಸಿಯು ಪ್ಲೇಟನ್ನು ಸ್ವಲ್ಪ ಜಾಸ್ತಿ ತೆರೆದು ಹೊಂದಿಸಿಕೊಂಡಿರುತ್ತದೆ, ಮಸಿ ಹೋದ ಮೇಲೆ ಅದೇ ಅಳತೆಗೆ ಹೆಚ್ಚು ಗಾಳಿ ನುಗ್ಗಿ ಐಡ್ಲಿಂಗ್ ಏರಿಳಿಯುತ್ತದೆ. ಆದರೆ ಅದು ಕೊನೆಯ ಕೆಲಸ. ಮೊದಲು ಓದಬೇಕು, ಆಮೇಲೆ ಅಳಿಸಬೇಕು.

ಸ್ಟೀರಿಂಗ್ ಕೆಳಗಿನ 16 ಪಿನ್ ಸಾಕೆಟ್‌ಗೆ ಇಸಿಯು ಮಾಹಿತಿ ಓದುವ ಬ್ಲೂಟೂತ್ ಓಬಿಡಿ ಅಡಾಪ್ಟರ್ ಹಾಕಿ ಫೋನಿನಲ್ಲಿ ನೋಡಿದೆ. ಪಿ0171 ಕೋಡ್ ಪೆಂಡಿಂಗ್‌ನಲ್ಲಿ, ಅಂದರೆ ಇನ್ನೂ ಖಾತ್ರಿಯಾಗದೆ, ಇತ್ತು. ಅದರ ಅರ್ಥ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆ. ಮಿಸ್‌ಫೈರ್, ಅಂದರೆ ಸಿಲಿಂಡರ್‌ನಲ್ಲಿ ಪೆಟ್ರೋಲ್ ಸರಿಯಾಗಿ ಸುಡದಿರುವ ಕೋಡ್ ಇರಲಿಲ್ಲ.

ಕೋಡ್‌ಗಿಂತ ಹೆಚ್ಚು ಹೇಳುವುದು ಟ್ರಿಮ್. ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಇಸಿಯು ಶೇಕಡಾ ಎಷ್ಟು ಪೆಟ್ರೋಲ್ ಜಾಸ್ತಿ ಅಥವಾ ಕಡಿಮೆ ಕೊಡುತ್ತಿದೆ ಅನ್ನುವ ಲೆಕ್ಕ ಅದು. ಆ ಕ್ಷಣದ ಶಾರ್ಟ್, ಬಹಳ ಹೊತ್ತಿನಿಂದ ಕಲಿತ ಲಾಂಗ್ ಎರಡನ್ನೂ ಕೂಡಿ ನೋಡಬೇಕು. ಮೈನಸ್ 5ರಿಂದ ಪ್ಲಸ್ 5ರ ಒಳಗಿದ್ದರೆ ಚಿಂತೆ ಇಲ್ಲ, 10 ದಾಟಿದರೆ ಹುಡುಕಬೇಕು. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ನೋಡಿದರೆ ಐಡ್ಲಿಂಗ್‌ನಲ್ಲಿ ಪ್ಲಸ್ 20ರ ಮೇಲಿತ್ತು. ಆಕ್ಸಲರೇಟರ್ ಒತ್ತಿ 2,500ರಲ್ಲಿ ಹಿಡಿದರೆ ಪ್ಲಸ್ 5ರ ಹತ್ತಿರಕ್ಕೆ ಇಳಿಯಿತು. ನನ್ನ ಮಟ್ಟಿಗೆ ಅರ್ಧ ಕೆಲಸ ಅಲ್ಲೇ ಮುಗಿಯಿತು. ಐಡ್ಲಿಂಗ್‌ನಲ್ಲಿ ಎಂಜಿನ್ ಎಳೆಯುವ ಗಾಳಿ ಕಡಿಮೆ, ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡ್ ಒಳಗಿನ ವ್ಯಾಕ್ಯೂಮ್ (ಎಳೆತ) ಜಾಸ್ತಿ, ಹಾಗಾಗಿ ಸಣ್ಣ ತೂತಿನಿಂದ ಬರುವ ಗಾಳಿಯೂ ಆಗ ದೊಡ್ಡ ಪಾಲಾಗುತ್ತದೆ. ಆರ್‌ಪಿಎಂ ಏರಿದಾಗ ಸರಿ ದಾರಿಯಲ್ಲೇ ರಾಶಿ ಗಾಳಿ ಬರುವುದರಿಂದ ಆ ತೂತು ಲೆಕ್ಕಕ್ಕೇ ಬರುವುದಿಲ್ಲ. ಇದರ ಉಲ್ಟಾ, ಅಂದರೆ ಆರ್‌ಪಿಎಂ ಜೊತೆ ಟ್ರಿಮ್ ಕೂಡ ಏರಿದ್ದರೆ, ನಾನು ಫ್ಯುಯಲ್ ಪಂಪ್, ಫಿಲ್ಟರ್, ಒಳಬರುವ ಗಾಳಿ ಅಳೆಯುವ ಮಾಫ್ ಸೆನ್ಸರ್ ಕಡೆ ಹೋಗುತ್ತಿದ್ದೆ. ಈ ಲೆಕ್ಕ ಮಾಫ್ ಇರುವ ಗಾಡಿಗಳಿಗೆ. ಮ್ಯಾನಿಫೋಲ್ಡ್ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಮಾತ್ರ ಇರುವ ಗಾಡಿಯಲ್ಲಿ ಏರ್ ಲೀಕ್ ಆದರೆ ಟ್ರಿಮ್ ಅಷ್ಟಾಗಿ ಏರದೆ ಐಡ್ಲಿಂಗೇ ಏರಿ ಕೂರುವುದು ಜಾಸ್ತಿ.

ಪ್ಲಗ್, ಅದಕ್ಕೆ ಕರೆಂಟ್ ಕೊಡುವ ಕಾಯಿಲ್ ಬಗ್ಗೆಯೂ ಅನುಮಾನ ಉಳಿಯಬಾರದು ಅಂತ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್‌ಗಳ ಕನೆಕ್ಟರ್ ಒಂದೊಂದಾಗಿ ತೆಗೆದು ನೋಡಿದೆ. ನಾಲ್ಕರಲ್ಲೂ ಎಂಜಿನ್ ಒಂದೇ ಥರ ಕುಗ್ಗಿತು, ಹಾಗಾದರೆ ಯಾವ ಸಿಲಿಂಡರ್ ಕೂಡ ಸತ್ತಿಲ್ಲ. ಕಾಯಿಲ್ ಕನೆಕ್ಟರ್ ತೆಗೆದು ಈ ಟೆಸ್ಟ್ ಮಾಡುವವರಿದ್ದಾರೆ. ಹಾಗೆ ಮಾಡಿದರೆ ಸುಡದ ಪೆಟ್ರೋಲ್, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗುತ್ತದೆ, ಅದು ಹಾಳಾದರೆ ಖರ್ಚು ಜೋರು.

ಇನ್ನು ಲೀಕ್ ಎಲ್ಲಿ? ನನ್ನ ಕೈ ತಾಗಿದ ಜಾಗದಿಂದಲೇ ಶುರು ಮಾಡಿದೆ. ಆಯಿಲ್ ಡಿಪ್‌ಸ್ಟಿಕ್ ಪೂರ್ತಿ ಕೂತಿದೆಯಾ, ಆಯಿಲ್ ಕ್ಯಾಪ್ ಬಿಗಿ ಇದೆಯಾ ನೋಡಿದೆ. ಆಯಿಲ್‌ಗೂ ಐಡ್ಲಿಂಗ್‌ಗೂ ಏನು ಸಂಬಂಧ ಅನ್ನಿಸಬಹುದು, ಆದರೆ ಎಂಜಿನ್ ಒಳಗಿನ ಹೊಗೆಯನ್ನು ಪಿಸಿವಿ ಹೋಸ್ ಮ್ಯಾನಿಫೋಲ್ಡ್‌ಗೆ ಎಳೆಯುತ್ತದಲ್ವಾ, ಡಿಪ್‌ಸ್ಟಿಕ್ ಸಡಿಲ ಇದ್ದರೆ ಮಾಫ್ ಅಳೆಯದ ಗಾಳಿ ಅಲ್ಲಿಂದಲೂ ನುಗ್ಗುತ್ತದೆ. ಏರ್ ಫಿಲ್ಟರ್ ಪೈಪಿನ ಕ್ಲ್ಯಾಂಪ್ ಸರಿ ಇತ್ತು. ಲೀಕ್ ಇದ್ದರೆ ಐಡ್ಲಿಂಗ್ ಬದಲಾಗುತ್ತದೆ ಅಂತ ಥ್ರಾಟಲ್ ಪ್ಯಾಕಿಂಗ್ ಸುತ್ತ ನೀರು ಸ್ಪ್ರೇ ಮಾಡಿದೆ, ಏನೂ ಬದಲಾಗಲಿಲ್ಲ. ಕಾರ್ಬ್ ಕ್ಲೀನರ್ ಸ್ಪ್ರೇ ಮಾಡುವುದು ಹಳೆಯ ರೂಢಿ, ಬಿಸಿ ಎಂಜಿನ್ ಮೇಲೆ ಬೆಂಕಿ ಹತ್ತುವ ವಸ್ತು ಸಿಡಿಸುವುದಕ್ಕೆ ನನಗೆ ಧೈರ್ಯ ಇಲ್ಲ.

ಆಮೇಲೆ ಪಿಸಿವಿ ಹೋಸ್. ಬಟ್ಟೆ ಸುತ್ತಿ, ಮ್ಯಾನಿಫೋಲ್ಡ್‌ಗೆ ತಾಗಿದ ತುದಿಯಲ್ಲೇ ಪ್ಲೈಯರ್‌ನಿಂದ ಅಮುಕಿದೆ. ತೂತು ಪ್ಲೈಯರ್ ಆಚೆ ಇದ್ದರೆ ಮಾತ್ರ ಗೊತ್ತಾಗುವುದು, ಅದಕ್ಕೇ ತುದಿ. ನಡುಕ ನಿಂತೇಹೋಯಿತು, ಫೋನಿನಲ್ಲಿ ಶಾರ್ಟ್ ಟ್ರಿಮ್ ಸರ‍್ರನೆ ಇಳಿಯಿತು. ಚೆನ್ನಾಗಿರುವ ಹೋಸ್ ಅಮುಕಿದರೂ ಆರ್‌ಪಿಎಂ ಸ್ವಲ್ಪ ಬದಲಾಗುತ್ತದೆ, ಆದ್ದರಿಂದ ಮುಳ್ಳನ್ನಷ್ಟೇ ನಂಬದೆ ಟ್ರಿಮ್ ನೋಡಿ. ಹೋಸ್ ಬಿಚ್ಚಿ ಬಗ್ಗಿಸಿದಾಗ ತಿರುವಿನ ಕೆಳಭಾಗದಲ್ಲಿ ಬಿರುಕು ಬಾಯಿ ಬಿಟ್ಟಿತು. ವರ್ಷಗಟ್ಟಲೆ ಶಾಖ, ಆಯಿಲ್ ಹೊಗೆ ತಿಂದು ರಬ್ಬರ್ ಗಟ್ಟಿಯಾಗಿತ್ತು, ಥ್ರಾಟಲ್ ಬಿಚ್ಚುವಾಗ ಎಳೆದದ್ದೇ ನೆಪ. ಮೇಲಿನಿಂದ ನೋಡಿದರೆ ಹೊಸದರ ಹಾಗೇ ಕಾಣುತ್ತಿತ್ತು.

ಹಳೆಯ ಹೋಸನ್ನೇ ಹಿಡಿದುಕೊಂಡು ಬೆಂಗಳೂರಿನ ಜೆ.ಸಿ. ರೋಡಿಗೆ ಹೋದೆ. "ಇದೇ ಬೆಂಡ್ ಇರೋದು ತಗೊಳ್ಳಿ ಸಾರ್, ನೇರ ಪೈಪ್ ಹಾಕಿದ್ರೆ ಮಡಚ್ಕೊಳ್ಳುತ್ತೆ" ಅಂದರು ಅಂಗಡಿಯವರು. ಸರಿಯಾದ ಮಾತು. ನೀರಿನ ಪೈಪ್ ತುಂಡು ಹಾಕುವುದೂ ಬೇಡ, ಆಯಿಲ್ ತಾಗಿ ಉಬ್ಬಿ ಮೆತ್ತಗಾಗುತ್ತದೆ.

ಹೊಸದು ಹಾಕಿದ ಮೇಲೆಯೇ ಕೋಡ್ ಅಳಿಸಿದೆ. ಎಸಿ, ಲೈಟ್ ಆಫ್ ಮಾಡಿ, ಫ್ಯಾನ್ ತಿರುಗುವವರೆಗೆ ಐಡ್ಲಿಂಗ್‌ನಲ್ಲೇ ಬಿಟ್ಟೆ, ಆಮೇಲೆ ಎಸಿ ಹಾಕಿ ಇನ್ನೊಂದಿಷ್ಟು ಹೊತ್ತು. ಹೊಸ ಐಡ್ಲಿಂಗನ್ನು ಇಸಿಯು ಕಲಿಯುವ ಈ ವಿಧಾನ ಒಂದೊಂದು ಗಾಡಿಗೆ ಒಂದೊಂದು ಥರ, ಕೆಲವಕ್ಕೆ ಸ್ಕ್ಯಾನರ್‌ನಿಂದಲೇ ಮಾಡಬೇಕು. ಈಗ ಮುಳ್ಳು 750ರಲ್ಲಿ ನಿಂತಿದೆ, ಟ್ರಿಮ್ ಪ್ಲಸ್ 3ರ ಒಳಗಿದೆ. ಮ್ಯಾನಿಫೋಲ್ಡ್‌ಗೇ ಸೇರುವ, ಅದೇ ವಯಸ್ಸಿನ ಬ್ರೇಕ್ ಬೂಸ್ಟರ್ (ಬ್ರೇಕ್ ಒತ್ತುವುದನ್ನು ಹಗುರ ಮಾಡುವ ಭಾಗ) ಹೋಸನ್ನೂ ಬದಲಿಸಿದೆ. ಅದರಲ್ಲಿ ಒನ್ ವೇ ವಾಲ್ವ್ ಇರುತ್ತದೆ, ಗಾಳಿ ಬೂಸ್ಟರ್‌ನಿಂದ ಎಂಜಿನ್ ಕಡೆಗೆ ಮಾತ್ರ ಹೋಗಬೇಕು. ಜೋಡಿಸುವ ಮೊದಲು ಬಾಯಿಂದ ಊದಿ ನೋಡಿದರೆ ದಿಕ್ಕು ಗೊತ್ತಾಗುತ್ತದೆ.